ಡಿಎಲ್ ಕೈಗೆ ಬಂತು, ಶಿರಾಡಿ ಘಾಟಿ ಇಳಿಸಬಹುದಾ?

ಪ್ರಶ್ನೆ (ಹಾಸನದ ಸದಸ್ಯರು):
ನಮಸ್ಕಾರ. ಮಗಳಿಗೆ ಹೋದ ತಿಂಗಳು ಡಿಎಲ್ ಬಂತು. ಟ್ರ್ಯಾಕಿನಲ್ಲಿ ಎಂಟು, ರಿವರ್ಸ್ ಎಲ್ಲ ಒಂದೇ ಸಲಕ್ಕೆ ಪಾಸು. ಮುಂದಿನ ವಾರ ಮಂಗಳೂರಿಗೆ ಹೋಗೋದಿದೆ, ಸಕಲೇಶಪುರ ದಾಟಿದ ಮೇಲೆ ಘಾಟಿ ನಾನೇ ಓಡಿಸ್ತೀನಿ ಅಂತ ಹಟ ಹಿಡಿದಿದ್ದಾಳೆ. ಮಳೆ ಬೇರೆ ಬಿಡ್ತಿಲ್ಲ. ಪೆಟ್ರೋಲ್ ಕಾರು, ಮ್ಯಾನ್ಯುಯಲ್ ಗೇರು. ಪಕ್ಕದಲ್ಲಿ ನಾನಿರ್ತೀನಿ. ಕೊಡಬಹುದಾ?

ಉತ್ತರ (ಚಾಲನಾ ತರಬೇತುದಾರರು):
ಮುಂದಿನ ವಾರವೇ ಬೇಡ ಸರ್. ನೀವು ಪಕ್ಕದಲ್ಲಿರ್ತೀರಿ ಸರಿ, ಆದ್ರೆ ನಿಮ್ಮ ಕಾಲ ಕೆಳಗೆ ಬ್ರೇಕ್ ಇರಲ್ಲ. ಡ್ರೈವಿಂಗ್ ಸ್ಕೂಲ್ ಕಾರಿನಲ್ಲಿ ಕಲಿಸೋರ ಕಡೆಗೂ ಕ್ಲಚ್, ಬ್ರೇಕ್ ಇರುತ್ತೆ. ಕಲಿಯೋರಿಗೆ ಗೊತ್ತಾಗದ ಹಾಗೆ ಅವರು ಅರ್ಧ ಬ್ರೇಕ್ ಒತ್ತಿರ್ತಾರೆ. ಹಾಗಾಗಿ ಡಿಎಲ್ ಬಂದ ಎಷ್ಟೋ ಜನ ಪೂರ್ತಿ ತಮ್ಮ ಕಾಲಿಂದಲೇ ಕಾರನ್ನ ಜೋರಾಗಿ ನಿಲ್ಲಿಸಿ ನೋಡಿರೋದೇ ಇಲ್ಲ. ನಿಯಮದಲ್ಲಿರೋದೇ ಕನಿಷ್ಠ 21 ದಿನ, 10 ಗಂಟೆ ಓಡಿಸೋದು. ಅಷ್ಟರಲ್ಲಿ ಘಾಟಿ ಎಲ್ಲಿ ಬರುತ್ತೆ ಹೇಳಿ.

ಮೊದಲು ಸೀಟು. ಬೆನ್ನು ಪೂರ್ತಿ ಒರಗಿರಬೇಕು, ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಗೆ ತಾಗಬೇಕು, ಕ್ಲಚ್ ತಳಮುಟ್ಟ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು. ಬಾನೆಟ್ ಕಾಣಲಿ ಅಂತ ಸ್ಟೀರಿಂಗಿಗೆ ಎದೆ ತಾಗಿಸಿ ಕೂತರೆ ತಿರುವಿನಲ್ಲಿ ಮೊಣಕೈ ಆಡಲ್ಲ, ಏರ್‌ಬ್ಯಾಗ್ ಬಿಚ್ಚಿದರೆ ಅದರ ಏಟೂ ಜೋರು.

ಆಮೇಲೆ ಖಾಲಿ ಮೈದಾನ. 40 ಕಿ.ಮೀ. ವೇಗಕ್ಕೆ ತಂದು ಬ್ರೇಕನ್ನ ಒಂದೇ ಸಲ ತಳಕ್ಕೆ ಒತ್ತಿಸಿ, ಜೊತೆಗೆ ಕ್ಲಚ್ಚೂ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕಾಗದ ಹಾಗೆ ನೋಡಿಕೊಳ್ಳೋ ವ್ಯವಸ್ಥೆ) ಇದ್ದರೆ ಪೆಡಲ್ ಕಾಲಡಿ ಗಡಗಡ ಅನ್ನುತ್ತೆ. ಅದಕ್ಕೆ ಬೆಚ್ಚಿ ಕಾಲು ತೆಗೆಯೋರೇ ಜಾಸ್ತಿ. ತೆಗೀಬಾರದು, ಒತ್ತಿಕೊಂಡೇ ಸ್ಟೀರಿಂಗ್ ತಿರುಗಿಸಬೇಕು, ಎಬಿಎಸ್ ಇರೋದೇ ಅದಕ್ಕೆ. ಗಡಗಡ ಮಾಮೂಲಿ ಅನ್ನಿಸೋವರೆಗೂ ಮಾಡಿಸಿ.

60ರಲ್ಲಿ ಹೋಗುವಾಗ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತೆ. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್ ಅಂದ್ರೆ 25 ಮೀಟರ್ ಆಗಲೇ ಹೋಯ್ತು. ಅದರ ಮೇಲೆ ಒಣ ರಸ್ತೇಲಿ ಇನ್ನೊಂದು 20, ಒದ್ದೆಯಲ್ಲಿ 30ರ ಮೇಲೆ. ಇಳಿಜಾರಿದ್ದರೆ ಇನ್ನೂ ಉದ್ದ. ಮುಂದಿನ ಗಾಡಿ ಒಂದು ಕಿ.ಮೀ. ಕಲ್ಲು ದಾಟಿದ ಮೇಲೆ ನೀವು ಅದೇ ಕಲ್ಲು ತಲುಪೋಕೆ ಒಣ ರಸ್ತೇಲಿ 2, ಮಳೇಲಿ 4 ಸೆಕೆಂಡ್ ಆಗಬೇಕು. ಸಂದು ಬಿಟ್ಟರೆ ಯಾರಾದ್ರೂ ನುಗ್ತಾರೆ ಅನ್ನೋದು ನಿಜ. ನುಗ್ಗಲಿ, ಮತ್ತೆ ಹಿಂದೆ ಸರೀರಿ.

ಪ್ರಶ್ನೆ (ಅದೇ ಸದಸ್ಯರು):
ನಾನು ಘಾಟೀಲಿ ನ್ಯೂಟ್ರಲ್ ಮಾಡಿ ಬ್ರೇಕಲ್ಲೇ ಇಳಿಸೋದು, ಪೆಟ್ರೋಲ್ ಉಳಿಯುತ್ತೆ ಅಂತ. ಅವಳಿಗೂ ಅದನ್ನೇ ಹೇಳಿಕೊಟ್ಟಿದ್ದೆ.

ಉತ್ತರ (ಗ್ಯಾರೇಜ್ ಮೆಕ್ಯಾನಿಕ್):
ಇದನ್ನ ಇವತ್ತೇ ಬಿಡಿ ಸರ್. ಇಂಜೆಕ್ಷನ್ ಗಾಡೀಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಇಸಿಯು, ಅಂದ್ರೆ ಎಂಜಿನ್ ನೋಡಿಕೊಳ್ಳೋ ಕಂಪ್ಯೂಟರ್, ಪೆಟ್ರೋಲನ್ನೇ ನಿಲ್ಲಿಸುತ್ತೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಐಡ್ಲಿಂಗಿಗೆ ಪೆಟ್ರೋಲ್ ಕುಡೀತಾನೇ ಇರುತ್ತೆ. ಉಳಿತಾಯ ಅಂತ ಖರ್ಚು ಮಾಡ್ತಿದ್ದೀರಿ. ಇಗ್ನಿಷನ್ನೇ ಆಫ್ ಮಾಡೋರಂತೂ ಇನ್ನೂ ಅಪಾಯದಲ್ಲಿರ್ತಾರೆ: ಪೆಡಲ್ ಹಗುರ ಮಾಡೋ ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತೋದರಲ್ಲಿ ಖಾಲಿ, ಪೆಡಲ್ ಕಲ್ಲಾಗುತ್ತೆ, ಪವರ್ ಸ್ಟೀರಿಂಗೂ ಹೋಗುತ್ತೆ.

ಬರೀ ಬ್ರೇಕಲ್ಲಿ ಇಳಿಸಿದರೆ ಏನಾಗುತ್ತೆ ನೋಡಿ. ಸಾವಿರ ಕೆಜಿ ಕಾರು 700 ಮೀಟರ್ ಎತ್ತರ ಇಳಿಯಿತು ಅಂದುಕೊಳ್ಳಿ. ಆ ಶಕ್ತಿಯೆಲ್ಲ ಬಿಸಿಯಾದರೆ, 1000 ವಾಟಿನ ನೀರು ಕಾಯಿಸೋ ಕಾಯಿಲ್ ಹೆಚ್ಚುಕಮ್ಮಿ 2 ಗಂಟೆ ಉರಿದಷ್ಟು. ನ್ಯೂಟ್ರಲ್ಲಲ್ಲಿ ಹೆಚ್ಚುಪಾಲು ಡಿಸ್ಕ್, ಡ್ರಮ್ಮಿನ ಮೇಲೇ ಬೀಳುತ್ತೆ. ಮೊದಲು ಸುಟ್ಟ ವಾಸನೆ. ಆಮೇಲೆ ಪೆಡಲ್ ಗಟ್ಟಿಯಾಗೇ ಇದ್ದರೂ ಹಿಡಿತ ಇಲ್ಲ, ಅಂದ್ರೆ ಪ್ಯಾಡ್ ಕಾದಿದೆ. ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಆಯಿಲ್ ಕುದಿದು ಗುಳ್ಳೆ ಬಂದಿದೆ, ಇದು ಇನ್ನೂ ಕೆಟ್ಟದ್ದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ 230 ಡಿಗ್ರಿವರೆಗೂ ತಡೆಯುತ್ತೆ, ತೇವ ಕುಡಿದ ಮೇಲೆ 155ರ ಹತ್ತಿರಕ್ಕೆ ಇಳಿಯುತ್ತೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನೋದು ಅದಕ್ಕೇ, ಬಿಲ್ ಹೆಚ್ಚಿಸೋಕಲ್ಲ.

ಇಳಿಜಾರು ಶುರುವಾಗೋ ಮುಂಚೆಯೇ ಗೇರ್ ಇಳಿಸಿ. ನೇರ ಇದ್ದಲ್ಲಿ 3, ತಿರುವಿನಲ್ಲಿ 2. ಎಂಜಿನ್ 3000 ಆರ್‌ಪಿಎಂನಲ್ಲಿ ಕೂಗಿದರೆ ಹೆದರೋದು ಬೇಡ, ಅದು ಗಾಡಿ ಹಿಡಿದುಕೊಂಡಿರೋ ಸದ್ದು. ವೇಗ 40 ದಾಟ್ತಿದ್ದರೆ ಗಟ್ಟಿಯಾಗಿ ಒತ್ತಿ 30ಕ್ಕೆ ತಂದು, ಕಾಲು ಪೂರ್ತಿ ತೆಗೀಬೇಕು. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇದ್ದರೆ ಬ್ರೇಕ್ ತಣ್ಣಗಾಗೋಕೆ ಪುರುಸೊತ್ತೇ ಸಿಗಲ್ಲ.

ವಾಸನೆ ಬಂತಾ, ಅಗಲ ಇರೋ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಬಿಡಿ. ಗೇರಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ನೀರು ಹುಯ್ಯಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು):
ಅಣ್ಣಾ, ಆಟೋಮ್ಯಾಟಿಕ್ ಇದ್ದರೆ? ಓಡ್ತಿರುವಾಗಲೇ ಬ್ರೇಕ್ ಹೋದರೆ?

ಉತ್ತರ (ಮೆಕ್ಯಾನಿಕ್):
ಡಿ ಯಲ್ಲೇ ಬಿಡಬೇಡಿ. ಎಎಂಟಿ (ಕ್ಲಚ್, ಗೇರನ್ನ ಗಾಡಿಯೇ ಬದಲಾಯಿಸೋದು) ಆದರೆ ಮ್ಯಾನ್ಯುಯಲ್ ಮೋಡಿಗೆ ಹಾಕಿ 2 ಅಥವಾ 3, ಸಿವಿಟಿಯಲ್ಲಿ (ಹಂತ ಹಂತದ ಗೇರಿಲ್ಲದ ಬೆಲ್ಟಿನ ಆಟೋಮ್ಯಾಟಿಕ್) ಎಲ್ ಅಥವಾ ಎಸ್. ಎಲೆಕ್ಟ್ರಿಕ್ ಕಾರಿನವರು ರೀಜನ್ (ಮೋಟಾರೇ ಗಾಡಿ ಹಿಡಿದು ಬ್ಯಾಟರಿಗೆ ಕರೆಂಟ್ ತುಂಬೋದು) ಜಾಸ್ತಿ ಇಟ್ಟುಕೊಳ್ಳಿ, ಆದ್ರೆ ಘಾಟಿಯ ತಲೆಯಲ್ಲಿ ಬ್ಯಾಟರಿ 100 ತುಂಬಿಸ್ಕೊಂಡು ಇಳೀಬೇಡಿ. ತುಂಬಿದ ಬ್ಯಾಟರಿಗೆ ಕರೆಂಟ್ ಹೋಗೋಕೆ ಜಾಗ ಇರಲ್ಲ, ರೀಜನ್ ಹಿಡಿತ ಕಮ್ಮಿಯಾಗುತ್ತೆ.

ಬ್ರೇಕ್ ಹೋದರೆ ಪೆಡಲನ್ನ ಬಿಟ್ಟು ಬಿಟ್ಟು ಬೇಗ ಬೇಗ ಒತ್ತಿ, ಸ್ವಲ್ಪ ಒತ್ತಡ ಸಿಗಬಹುದು. ಗೇರ್ ಒಂದೊಂದೇ ಇಳಿಸಿ, 4ರಿಂದ ನೇರ 1ಕ್ಕೆ ಹಾರಬೇಡಿ. ಹ್ಯಾಂಡ್‌ಬ್ರೇಕ್ ಗುಂಡಿ ಒತ್ತಿ ಹಿಡಿದೇ ನಿಧಾನಕ್ಕೆ ಎಳೀರಿ, ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಲಾಕಾಗಿ ಗಾಡಿ ಅಡ್ಡ ತಿರುಗುತ್ತೆ. ಹಾರ್ನ್, ಹೆಡ್‌ಲೈಟ್. ಏನೂ ಆಗದಿದ್ದರೆ ಗುಡ್ಡದ ಕಡೆಗೆ ಉಜ್ಜಿ ನಿಲ್ಲಿಸಿ. ಬಾಡಿ ಹೋದರೆ ಹೋಗಲಿ.

ಉತ್ತರ (ತರಬೇತುದಾರರು, ಸೇರಿಸಿ):
ತಿರುವಿನಲ್ಲಿ ಹತ್ತಿ ಬರೋ ಗಾಡಿಗೆ ಮೊದಲ ದಾರಿ. ರಸ್ತೆ ಸಾಲದ ಕಡೆ ಇಳಿಯೋರು ನಿಲ್ಲಬೇಕು ಅಂತ ನಿಯಮವೇ ಇದೆ. ಆಗುಂಬೆಯಂಥ ಹೇರ್‌ಪಿನ್ನಿನಲ್ಲಿ ಕೆಎಸ್‌ಆರ್‌ಟಿಸಿ ಬಸ್ಸಿಗೆ ಪೂರ್ತಿ ರಸ್ತೆ ಬೇಕು. ಬಸ್ಸಿನ ಮೂತಿ ಕಂಡ ತಕ್ಷಣ ತಿರುವಿಗಿಂತ ಮುಂಚೆಯೇ ನಿಲ್ಲಿ, ಒಳಗೆ ನುಗ್ಗಿ ಸಿಕ್ಕಿಹಾಕ್ಕೊಂಡ ಮೇಲೆ ಅವರೂ ಹಿಂದೆ ಹೋಗೋಕಾಗಲ್ಲ. ಮಂಜಿಗೆ ಲೋ ಬೀಮ್. ಹಜಾರ್ಡ್ (ನಾಲ್ಕೂ ಇಂಡಿಕೇಟರ್ ಒಟ್ಟಿಗೆ) ಹಾಕ್ಕೊಂಡು ಓಡಿಸಬೇಡಿ, ನೀವು ಯಾವ ಕಡೆ ತಿರುಗ್ತೀರಿ ಅಂತ ಹಿಂದಿನವರಿಗೆ ಗೊತ್ತಾಗಲ್ಲ. ಟಯರ್ ಗೀರು 1.6 ಮಿ.ಮೀ. ಆಗಿದ್ದರೆ ಅದು ಕಾನೂನಿನ ಕೊನೆ ಮಿತಿ, ಮಳೆಗಾಲದಲ್ಲಿ ಅಷ್ಟು ಸವೆಯೋ ತನಕ ಕಾಯಬೇಡಿ. ಇನ್ನೊಂದು, ಘಾಟಿಗೆ ಅಂತ ವಾಂತಿ ಮಾತ್ರೆ ನುಂಗೋದು ಹಿಂದೆ ಕೂತವರು ಮಾತ್ರ. ಅವುಗಳಲ್ಲಿ ಹೆಚ್ಚಿನವು ನಿದ್ದೆ ತರಿಸುತ್ತವೆ.

ಪ್ರಶ್ನೆ (ಸದಸ್ಯೆ, ತುಮಕೂರು):
ಸರ್, ವಿಷಯ ಸ್ವಲ್ಪ ಬೇರೆ. ಮಗನಿಗೆ 16. ಪಕ್ಕದ ಬೀದಿಯ ಟ್ಯೂಷನ್ನಿಗೆ ಸ್ಕೂಟರ್ ಒಯ್ತಾನೆ. ಗೇರ್ ಇಲ್ಲದ ಗಾಡಿಗೆ 16 ಸಾಕಲ್ವಾ?

ಉತ್ತರ (ತರಬೇತುದಾರರು):
ಸಾಲದು ಮೇಡಂ. 16ಕ್ಕೆ ಲೈಸೆನ್ಸ್ ಸಿಗೋದು 50 ಸಿಸಿ ಒಳಗಿನ ಗೇರಿಲ್ಲದ ಗಾಡಿಗೆ, ಅದೂ ಲೈಸೆನ್ಸ್ ಮಾಡಿಸಿದರೆ. ನಿಮ್ಮ ಮನೇಲಿರೋದು 110 ಅಥವಾ 125 ಸಿಸಿ ಇರಬೇಕು, ಅದಕ್ಕೆ 18 ತುಂಬಲೇಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಸೆಕ್ಷನ್ 199ಎ ಪ್ರಕಾರ ಅಪ್ರಾಪ್ತರು ಓಡಿಸಿ ತಪ್ಪಾದರೆ ತಪ್ಪಿತಸ್ಥರು ಪೋಷಕರು ಅಥವಾ ಗಾಡಿ ಮಾಲೀಕರು: 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ಆಗೋವರೆಗೂ ಲೈಸೆನ್ಸ್ ಇಲ್ಲ. ಯಾರಿಗಾದರೂ ಗುದ್ದಿದರೆ ವಿಮಾ ಕಂಪನಿ ಅವರಿಗೆ ಕೊಟ್ಟ ಪರಿಹಾರವನ್ನ ನಿಮ್ಮಿಂದ ವಸೂಲಿ ಮಾಡೋಕೆ ಬರಬಹುದು. ‘ನನಗೆ ಗೊತ್ತಿಲ್ಲದೆ ಒಯ್ದ’ ಅನ್ನೋದನ್ನ ನೀವೇ ಸಾಬೀತು ಮಾಡಬೇಕು. ಈಗ ಇಲ್ಲಿ ಬರೆದ ಮೇಲೆ ಅದೂ ಕಷ್ಟ! ಸದ್ಯಕ್ಕೆ ಸೈಕಲ್ ಕೊಡಿಸಿ.

ಪ್ರಶ್ನೆ (ಮೊದಲ ಸದಸ್ಯರು):
ಸರಿ ಸರ್, ಈ ಸಲ ನಾನೇ ಓಡಿಸ್ತೀನಿ, ಗೇರಲ್ಲೇ. ಅವಳಿಗೆ ಯಾವಾಗ ಕೊಡಲಿ?

ಉತ್ತರ (ತರಬೇತುದಾರರು):
ಈ ಸಲ ಪಕ್ಕದಲ್ಲಿ ಕೂರಿಸಿ, ಪ್ರತಿ ತಿರುವಿಗೆ ಮುಂಚೆ ಯಾವ ಗೇರು, ಎಷ್ಟು ವೇಗ ಅಂತ ಅವಳೇ ಹೇಳಲಿ. ಊರಿಗೆ ಬಂದ ಮೇಲೆ ಹಾಸನ–ಸಕಲೇಶಪುರ ಬೆಳಗ್ಗೆ ಆರಕ್ಕೆ, ಮೊದಲು ಒಣ ರಸ್ತೇಲಿ, ಆಮೇಲೆ ಮಳೇಲಿ. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿಸಿ, ಹಿಂದಕ್ಕೆ ಒಂದಿಂಚೂ ಜಾರದೆ ಎತ್ತೋದು ಬರಬೇಕು. ಅದಾದ ಮೇಲೆ ಘಾಟಿ ಹತ್ತಲಿ, ಇಳಿಯೋದು ಮಳೆಗಾಲ ಮುಗಿದ ಮೇಲೆ, ಹಗಲಲ್ಲಿ. ಅವಳು ಓಡಿಸುವಾಗ ಪಕ್ಕದಿಂದ ‘ಏಯ್ ಏಯ್’ ಅಂತ ಕೂಗಬೇಡಿ ಸರ್, ‘ಗೇರ್ ಇಳಿಸು’ ಅಂತ ಒಂದೇ ಮಾತು ಸಾಕು. ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಟ್ಟು ನಿಂತರೆ 1033, ಅಪಘಾತವಾದರೆ 112. ಎರಡೂ ಅವಳ ಫೋನಿನಲ್ಲಿರಲಿ.