ಸಂಬಂಧವಿಲ್ಲದ ಕ್ಲಾಸ್‌ಗಳಲ್ಲಿ ಒಂದೇ ಹೆಸರಿನ ಮೆಥಡ್‌ಗಳು: ನೀವು ಹಿಡಿದ ದಾರಿ ಯಾವುದು?

ಮೂರು ಕಡತ (ಪ್ರಶ್ನೆ): ಸಿ ಶಾರ್ಪ್ ಭಾಷೆಯಲ್ಲಿರುವ ನಮ್ಮ ತಂತ್ರಾಂಶದಲ್ಲಿ ಇನ್‌ವಾಯ್ಸ್, ರಸೀದಿ, ರವಾನೆ ಪತ್ರ ಎಂಬ ಮೂರು ಕ್ಲಾಸ್‌ಗಳಿವೆ. ಮೂರರಲ್ಲಿಯೂ ಸ್ಟೇಟಸ್ ಎಂಬ ಪ್ರಾಪರ್ಟಿ, ಪ್ರಿಂಟ್ ಎಂಬ ಮೆಥಡ್ ಇದ್ದರೂ ಸಾಮಾನ್ಯವಾದ ಬೇಸ್ ಕ್ಲಾಸ್ (ತಾಯಿ ಕ್ಲಾಸ್) ಆಗಲಿ ಇಂಟರ್‌ಫೇಸ್ (ಇಂತಿಂಥ ಮೆಥಡ್‌ಗಳು ಇರಲೇಬೇಕು ಎಂಬ ಒಪ್ಪಂದ) ಆಗಲಿ ಇಲ್ಲ. ಮೊದಲೆರಡು ಹೊರಗಿನ ಲೈಬ್ರರಿಯವು, ಅವುಗಳ ಸೋರ್ಸ್ ನಮ್ಮಲ್ಲಿಲ್ಲ. ಮೂರನೆಯದನ್ನು ಟೂಲ್ ಒಂದು ತಾನಾಗಿ ಬರೆದುಕೊಡುತ್ತದೆ. ಮೂರನ್ನೂ ಒಂದೇ ಲೂಪ್‌ನಲ್ಲಿ ನಡೆಸಬೇಕಾಗಿದೆ. ಇದನ್ನು ದಾಟಿ ಬಂದವರು ತಮ್ಮ ಅನುಭವವನ್ನು ತಿಳಿಸಬೇಕೆಂದು ಕೋರುತ್ತೇನೆ.

ಸುಟ್ಟ ಕೈ: ಯಾರು ಏನೇ ಹೇಳಲಿ, ರಿಫ್ಲೆಕ್ಷನ್ ಕಡೆಗೆ, ಅಂದರೆ ಪ್ರೋಗ್ರಾಂ ಓಡುವಾಗ ಹೆಸರು ಹಿಡಿದು ಕ್ಲಾಸ್‌ನ ಒಳಗನ್ನು ಹುಡುಕುವುದರ ಕಡೆಗೆ, ಮಾತ್ರ ಹೋಗಬೇಡಿ. ನಾನು ಹೋದೆ. ಪ್ರಾಪರ್ಟಿಯ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಬರೆದು, ಅದರ ಮೌಲ್ಯವನ್ನು ತೆಗೆದುಕೊಳ್ಳುವ ಹನ್ನೆರಡು ಸಾಲಿನ ಒಂದು ಸಹಾಯಕ ಮೆಥಡ್ ಬರೆದು, ಎಷ್ಟು ಚೆನ್ನಾಗಿದೆ ಎಂದು ತಂಡದವರಿಗೆಲ್ಲ ತೋರಿಸಿದ್ದೆ. ಎಂಟು ತಿಂಗಳ ನಂತರ ಒಬ್ಬರು ಒಂದು ಕ್ಲಾಸ್‌ನಲ್ಲಿ ‘ಸ್ಟೇಟಸ್’ ಎಂಬುದನ್ನು ‘ಕರೆಂಟ್ ಸ್ಟೇಟಸ್’ ಎಂದು ಬದಲಾಯಿಸಿದರು. ಎಡಿಟರ್ ಎಲ್ಲ ಕಡೆಯೂ ಹೆಸರನ್ನು ತಿದ್ದಿತು, ಉದ್ಧರಣ ಚಿಹ್ನೆಯೊಳಗಿನದನ್ನು ಬಿಟ್ಟಿತು, ಕಂಪೈಲರ್ ತುಟಿ ಬಿಚ್ಚಲಿಲ್ಲ. ಹೆಸರು ಸಿಗದಿದ್ದರೆ ‘ಗೆಟ್ ಪ್ರಾಪರ್ಟಿ’ ಎರರ್ ಎಸೆಯುವುದಿಲ್ಲ, ನಲ್ (ಏನೂ ಇಲ್ಲ ಎಂಬ ಮೌಲ್ಯ) ಕೊಡುತ್ತದೆ. ಅದರ ಮುಂದೆ ನಾನು ಜಾಣತನದಿಂದ ಪ್ರಶ್ನಾರ್ಥಕ ಚಿಹ್ನೆ ಮತ್ತು ಚುಕ್ಕೆಯನ್ನು (ನಲ್ ಇದ್ದರೆ ಎರರ್ ಎಸೆಯದೆ ಬಿಟ್ಟುಬಿಡು ಎಂಬ ಗುರುತು) ಇಟ್ಟಿದ್ದರಿಂದ ಆ ನಲ್ ಕೂಡ ಸದ್ದಿಲ್ಲದೆ ಮುಂದೆ ಸಾಗಿತು. ಹನ್ನೊಂದು ದಿನ ಆ ಕ್ಲಾಸ್‌ನ ಎಲ್ಲ ದಾಖಲೆಗಳ ಸ್ಥಿತಿ ಖಾಲಿಯಾಗಿಯೇ ವರದಿಗೆ ಹೋಯಿತು. ಹನ್ನೊಂದನೆಯ ದಿನ ಸಿಕ್ಕಿದ್ದೂ ಟೆಸ್ಟ್‌ನಿಂದಲ್ಲ, ವರದಿ ಓದುವವರೊಬ್ಬರು ಈ ಕಾಲಂ ಏಕೆ ಬಿಳಿಯಾಗಿದೆ ಎಂದು ಕೇಳಿದ್ದರಿಂದ.

ಹೊದಿಕೆಗಾರ: ಅಡಾಪ್ಟರ್ ಬರೆಯಿರಿ, ಬೇರೆ ಮಾತಿಲ್ಲ. ನಿಮಗೆ ಬೇಕಾದಷ್ಟೇ ಇರುವ ಪುಟ್ಟ ಇಂಟರ್‌ಫೇಸ್ ಒಂದು. ಪ್ರತಿಯೊಂದು ಕ್ಲಾಸ್‌ಗೂ ಅದನ್ನು ಪಾಲಿಸುವ ಹೊದಿಕೆಯ ಕ್ಲಾಸ್ ಒಂದು. ಒಳಗಿನ ಆಬ್ಜೆಕ್ಟ್‌ಗೆ ಕರೆಯನ್ನು ದಾಟಿಸುವುದಷ್ಟೇ ಅದರ ಕೆಲಸ. ನಾನು ಇಂತಹ ಹದಿನಾಲ್ಕನ್ನು ಬರೆದಿದ್ದೇನೆ, ಮೂರು ವಾರ ಹಿಡಿಯಿತು. ಅದರಲ್ಲಿ ಒಂದು ಇಡೀ ವಾರವನ್ನು ತಿಂದದ್ದು ಸಮಾನತೆಯ ಪ್ರಶ್ನೆ: ಒಂದೇ ಇನ್‌ವಾಯ್ಸ್ ಎರಡು ಕಡೆಯಿಂದ ಬಂದು ಎರಡು ಬಾರಿ ಹೊದಿಕೆ ಹೊದ್ದಾಗ ಹ್ಯಾಶ್‌ಸೆಟ್ (ಒಂದನ್ನು ಒಮ್ಮೆ ಮಾತ್ರ ಇಟ್ಟುಕೊಳ್ಳುವ ಸಂಗ್ರಹ) ಅವನ್ನು ಬೇರೆ ಬೇರೆ ಎಂದೇ ತಿಳಿದು ಎರಡನ್ನೂ ಇಟ್ಟುಕೊಂಡಿತು, ಗ್ರಾಹಕರಿಗೆ ಒಂದೇ ಕಾಗದ ಎರಡು ಸಲ ಮುದ್ರಣವಾಯಿತು. ಎರಡು ಆಬ್ಜೆಕ್ಟ್ ಸಮವೇ ಎಂದು ಹೇಳುವ ‘ಈಕ್ವಲ್ಸ್’ ಬರೆದೆ, ಸರಿಹೋಗಲಿಲ್ಲ. ಹ್ಯಾಶ್‌ಸೆಟ್ ಹುಡುಕಲು ಬಳಸುವ ಸಂಖ್ಯೆಯನ್ನು ಕೊಡುವ ‘ಗೆಟ್ ಹ್ಯಾಶ್ ಕೋಡ್’ ಅನ್ನೂ ಬರೆಯಬೇಕೆಂಬುದನ್ನು ಮರೆತಿದ್ದೆ. ಇಷ್ಟಾದರೂ ಆ ಹದಿನಾಲ್ಕು ಕ್ಲಾಸ್‌ಗಳು ಇಂದಿಗೂ ಹಾಗೆಯೇ ನಿಂತಿವೆ. ಮೇಲಿನವರು ಹನ್ನೆರಡು ಸಾಲಿನಲ್ಲಿ ಮುಗಿಸಲು ಹೋಗಿ ಹನ್ನೊಂದು ದಿನ ಕಳೆದುಕೊಂಡಿದ್ದಾರೆ ಎಂಬುದನ್ನು ಗಮನಿಸಿ.

ಸುಟ್ಟ ಕೈ: ‘ಈಕ್ವಲ್ಸ್’ ಒಂದನ್ನೇ ಬರೆದರೆ ಕಂಪೈಲರ್ ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆಯನ್ನು ಓದದೆ ಒಂದು ವಾರ ಕಳೆದವರು ನನಗೆ ಲೆಕ್ಕ ಹೇಳಬೇಕಾಗಿಲ್ಲ.

ಹೊದಿಕೆಗಾರ: ಹಳೆಯ ಪ್ರಾಜೆಕ್ಟ್‌ನಲ್ಲಿ ಆರು ನೂರು ಎಚ್ಚರಿಕೆಗಳಿದ್ದವು. ಆರು ನೂರ ಒಂದನೆಯದನ್ನು ನೀವು ಓದುತ್ತಿದ್ದಿರೇನೋ.

ಓಡಿಸಿ ನೋಡು: ಗುಡ್ಡ ಅಗೆದು ಇಲಿ ಹಿಡಿಯುವ ಈ ಕೆಲಸ ಏಕೆ ಎಂಬುದು ನನಗೆ ಅರ್ಥವಾಗಿಲ್ಲ. 2010ರಲ್ಲಿ ಬಂದ ಸಿ ಶಾರ್ಪ್ 4ರಿಂದಲೇ ‘ಡೈನಮಿಕ್’ ಇದೆ. ವೇರಿಯಬಲ್ಲಿನ ಟೈಪ್ ಆಗಿ ಆ ಪದವನ್ನು ಬರೆದು ಪ್ರಿಂಟ್ ಅನ್ನು ಕರೆದರೆ ಮುಗಿಯಿತು, ಇದೆಯೋ ಇಲ್ಲವೋ ಎಂಬುದು ಓಡುವಾಗ ತೀರ್ಮಾನವಾಗುತ್ತದೆ, ಇಲ್ಲದಿದ್ದರೆ ಎರರ್ ಬರುತ್ತದೆ, ನಲ್ ಆಗಿ ಮುಚ್ಚಿಹೋಗುವುದಿಲ್ಲ. ಐದು ವರ್ಷ ಹೀಗೆ ನಡೆಸಿದ್ದೇನೆ. ಒಂದೇ ಒಂದು ಸಲ ಪೆಟ್ಟು ತಿಂದೆ: ಒಂದು ಕ್ಲಾಸ್ ತನ್ನ ಪ್ರಿಂಟ್ ಅನ್ನು ಒಂದು ಇಂಟರ್‌ಫೇಸ್‌ನ ಹೆಸರಿಗೆ ಕಟ್ಟಿ, ಅಂದರೆ ಎಕ್ಸ್‌ಪ್ಲಿಸಿಟ್ ಆಗಿ, ಬರೆದಿತ್ತು, ಹಾಗೆ ಬರೆದ ಮೆಥಡ್ ಡೈನಮಿಕ್‌ನ ಕಣ್ಣಿಗೆ ಬೀಳುವುದಿಲ್ಲ. ಇದು ತಿಳಿಯಲು ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿಯವರೆಗೆ ಬೇಕಾಯಿತು. ಎಕ್ಸ್‌ಟೆನ್ಷನ್ ಮೆಥಡ್‌ಗಳೂ (ಕ್ಲಾಸ್‌ನ ಹೊರಗೆ ಬರೆದು ಅದರದೇ ಎಂಬಂತೆ ಕರೆಯುವ ಮೆಥಡ್‌ಗಳು) ಹಾಗೆಯೇ ಕಾಣುವುದಿಲ್ಲ ಎಂಬುದನ್ನು ಅದಾದ ಮರುವಾರ ಕಲಿತೆ.

ಹೊದಿಕೆಗಾರ: ಹಾಗಾದರೆ ಒಂದೇ ಒಂದು ಸಲ ಎನ್ನುವುದು ಎರಡು ಸಲವಾಯಿತು.

ಬಾತುಕೋಳಿ: ಪೈಥಾನ್‌ನವನು ನಾನು. ನಮ್ಮಲ್ಲಿ ಇದು ಸಮಸ್ಯೆಯೇ ಅಲ್ಲ ಎಂದು ಬಹಳ ವರ್ಷ ಹೆಮ್ಮೆಯಿಂದ ಹೇಳಿಕೊಂಡಿದ್ದವನು, ಆದ್ದರಿಂದ ನನ್ನ ಕಥೆಯನ್ನೂ ಕೇಳಿ. ದಿನದ ಕೆಲಸ ಮುಗಿದಾಗ ತೆರೆದಿರುವ ಎಲ್ಲವನ್ನೂ ಮುಚ್ಚಲೆಂದು, ‘ಕ್ಲೋಸ್’ ಎಂಬ ಮೆಥಡ್ ಇರುವ ಯಾವ ಆಬ್ಜೆಕ್ಟ್ ಸಿಕ್ಕಿದರೂ ಅದನ್ನು ಕರೆಯುವ ಒಂದು ಲೂಪ್ ಬರೆದಿದ್ದೆ. ಫೈಲ್‌ಗಳಿಗೆ ಸರಿ, ಡೇಟಾಬೇಸ್ ಕನೆಕ್ಷನ್‌ಗಳಿಗೂ ಸರಿ. ಒಂದು ದಿನ ಆ ಪಟ್ಟಿಯೊಳಗೆ ಗ್ರಾಹಕರ ಖಾತೆಯ ಆಬ್ಜೆಕ್ಟ್‌ಗಳು ನುಸುಳಿದವು. ಅವುಗಳಿಗೂ ಕ್ಲೋಸ್ ಇತ್ತು. ಅಲ್ಲಿ ಅದರ ಅರ್ಥ ಖಾತೆಯನ್ನು ಶಾಶ್ವತವಾಗಿ ರದ್ದು ಮಾಡುವುದು. ಒಂದೇ ರಾತ್ರಿಯಲ್ಲಿ ಇನ್ನೂರ ಆರು ಖಾತೆಗಳು ರದ್ದಾದವು, ಅವನ್ನು ಲಾಗ್ ನೋಡಿಕೊಂಡು ಕೈಯಿಂದ ಒಂದೊಂದಾಗಿ ಮರಳಿ ತೆರೆದವನು ನಾನೇ. 2019ರಲ್ಲಿ ಪೈಥಾನ್ 3.8 ಬಂದಾಗ ‘ಪ್ರೋಟೊಕಾಲ್’ (ಯಾವ ಮೆಥಡ್‌ಗಳು ಇರಬೇಕೆಂದು ಹೇಳುವ ಟೈಪ್) ನೋಡಿ ಇನ್ನು ನೆಮ್ಮದಿ ಎಂದುಕೊಂಡೆ, ಆದರೆ ಓಡುವಾಗ ನಡೆಯುವ ತಪಾಸಣೆ ಹೆಸರು ಇದೆಯೇ ಎಂದು ಮಾತ್ರ ನೋಡುತ್ತದೆ, ಪ್ಯಾರಾಮೀಟರ್‌ಗಳನ್ನು ಕೂಡ ನೋಡುವುದಿಲ್ಲ. ಹೆಸರು ಒಂದೇ ಆದ ಮಾತ್ರಕ್ಕೆ ಕೆಲಸ ಒಂದೇ ಅಲ್ಲ.

ಓಡಿಸಿ ನೋಡು: ಖಾತೆ ರದ್ದು ಮಾಡುವುದಕ್ಕೆ ‘ಕ್ಲೋಸ್’ ಎಂದು ಹೆಸರಿಟ್ಟವರ ತಪ್ಪನ್ನು ಭಾಷೆಯ ಮೇಲೆ ಹಾಕಬೇಡಿ.

ಬಾತುಕೋಳಿ: ಹೆಸರಿಟ್ಟವರು ತಮ್ಮ ಕ್ಲಾಸ್‌ನೊಳಗೆ ಸರಿಯಾಗಿಯೇ ಇಟ್ಟಿದ್ದರು. ನನ್ನ ಲೂಪ್ ಅಲ್ಲಿಗೆ ಬರುತ್ತದೆಂದು ಅವರಿಗೆ ಕನಸು ಬಿದ್ದಿತ್ತೇ?

ಬೇಸರದ ಬೇಸ್ ಕ್ಲಾಸ್: ಅಡಾಪ್ಟರ್ ಬಗ್ಗೆ ಇಲ್ಲಿ ನಡೆದಿರುವ ಹೊಗಳಿಕೆಯನ್ನು ಒಪ್ಪಬಹುದು, ಏಕೆಂದರೆ ನಮ್ಮಲ್ಲಿ ನಡೆದದ್ದು ಅದಕ್ಕಿಂತ ಕೆಟ್ಟದ್ದು. ಜಾವಾದಲ್ಲಿ ಏಳು ಕ್ಲಾಸ್‌ಗಳು, ಸೋರ್ಸ್ ನಮ್ಮದೇ. ಮೂರು ಮೆಥಡ್‌ಗಳು ಮಾತ್ರ ಸಾಮಾನ್ಯವಾಗಿದ್ದವು. ಹಿರಿಯರೊಬ್ಬರು ಎಲ್ಲಕ್ಕೂ ‘ಬೇಸ್ ಡಾಕ್ಯುಮೆಂಟ್’ ಎಂಬ ಒಂದು ತಾಯಿಯನ್ನು ತಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಇನ್‌ವಾಯ್ಸ್‌ಗೆ ಬೇಕಾದ ತೆರಿಗೆಯ ಲೆಕ್ಕ ತಾಯಿಗೆ ಸೇರಿತು, ರವಾನೆ ಪತ್ರಕ್ಕೆ ಬೇಕಾದ ವಿಳಾಸವೂ ಸೇರಿತು. ಎರಡು ವರ್ಷದಲ್ಲಿ ಮೂರು ಮೆಥಡ್ ನಲವತ್ತಾದವು, ಅವುಗಳಲ್ಲಿ ಅರ್ಧದಷ್ಟು ಮಕ್ಕಳ ಕ್ಲಾಸ್‌ಗಳಲ್ಲಿ ‘ಅನ್‌ಸಪೋರ್ಟೆಡ್ ಆಪರೇಷನ್’ ಎಂಬ ಎಕ್ಸೆಪ್ಷನ್ ಎಸೆಯುವುದನ್ನು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಜಾವಾದಲ್ಲಿ ಒಂದು ಕ್ಲಾಸ್‌ಗೆ ಒಬ್ಬಳೇ ತಾಯಿ. ಆ ಜಾಗವನ್ನು ಇದಕ್ಕೆ ಕೊಟ್ಟ ಮೇಲೆ ನಿಜವಾಗಿ ಬೇಕಾದಾಗ ಜಾಗವಿರಲಿಲ್ಲ. ಬಿಡಿಸಲು ಐದು ತಿಂಗಳು ಹಿಡಿಯಿತು.

ಹೊದಿಕೆಗಾರ: 2014ರ ಜಾವಾ 8ರಿಂದ ಇಂಟರ್‌ಫೇಸ್‌ನಲ್ಲಿಯೇ ಡೀಫಾಲ್ಟ್ ಮೆಥಡ್ (ಒಳಗೆ ಕೋಡ್ ಇರುವ ಮೆಥಡ್) ಬರೆಯಬಹುದಲ್ಲ?

ಬೇಸರದ ಬೇಸ್ ಕ್ಲಾಸ್: ಬರೆಯಬಹುದು, ಹಿತ್ತಿಲ ಬಾಗಿಲಿನಿಂದ ಅದೇ ರೋಗವನ್ನು ಒಳಗೆ ಕರೆದಂತಾಗುತ್ತದೆ. ಅದರಲ್ಲಿ ಆಬ್ಜೆಕ್ಟ್‌ಗೆ ಸೇರಿದ ಫೀಲ್ಡ್ (ಮಾಹಿತಿ ಇಡುವ ಜಾಗ) ಇಡಲಾಗದು ಎಂಬುದೊಂದೇ ಸಮಾಧಾನ.

ಹೊದಿಕೆಗಾರ: ಒಮ್ಮೆ ಬಿದ್ದವರಿಗೆ ಎಲ್ಲ ಮೆಟ್ಟಿಲುಗಳೂ ಇಳಿಜಾರಾಗಿಯೇ ಕಾಣುತ್ತವೆ.

ಸಣ್ಣಕ್ಷರ: ಪ್ರಶ್ನೆ ಕೇಳಿದವರಿಗೆ: ಟೂಲ್ ಬರೆದುಕೊಡುವ ಆ ರವಾನೆ ಪತ್ರದ ಕ್ಲಾಸ್‌ನ ಮೊದಲ ಸಾಲಿನಲ್ಲಿ ‘ಪಾರ್ಷಿಯಲ್’ (ಒಂದೇ ಕ್ಲಾಸ್ ಅನ್ನು ಹಲವು ಫೈಲ್‌ಗಳಲ್ಲಿ ಹಂಚಿ ಬರೆಯಲು ಬಿಡುವ ಗುರುತು) ಎಂಬ ಪದವಿದೆಯೇ ನೋಡಿ. ಇದ್ದರೆ, ಅದೇ ಪ್ರಾಜೆಕ್ಟ್‌ನ ಬೇರೊಂದು ಫೈಲ್‌ನಲ್ಲಿ ಅದೇ ನೇಮ್‌ಸ್ಪೇಸ್‌ನಡಿ ಅದೇ ಹೆಸರಿನ ಖಾಲಿ ಪಾರ್ಷಿಯಲ್ ಕ್ಲಾಸ್ ಬರೆದು ಇಂಟರ್‌ಫೇಸ್ ಅಂಟಿಸಬಹುದು. ಟೂಲ್ ಮತ್ತೆ ಬರೆದರೂ ನಿಮ್ಮ ಫೈಲ್ ಉಳಿಯುತ್ತದೆ. ಲೈಬ್ರರಿಯ ಎರಡಕ್ಕೆ ಇದು ನಡೆಯುವುದಿಲ್ಲ.

ಓಡಿಸಿ ನೋಡು: ಡೈನಮಿಕ್‌ನಲ್ಲಿ ಮೂರಕ್ಕೂ ನಡೆಯುತ್ತದೆ ಎಂಬುದನ್ನು ಯಾರೂ ಅಲ್ಲಗಳೆದಿಲ್ಲ.

ಸುಟ್ಟ ಕೈ: ಹೆಸರು ಬದಲಾದ ದಿನದವರೆಗೆ ನಡೆಯುತ್ತದೆ. ನನಗೆ ಕಾಲಂ ಬಿಳಿಯಾಯಿತು, ನಿಮಗೆ ಪರದೆ ಕೆಂಪಾಗುತ್ತದೆ, ವ್ಯತ್ಯಾಸ ಅಷ್ಟೇ.

ಓಡಿಸಿ ನೋಡು: ಕೆಂಪು ಅದೇ ದಿನ ಕಾಣುತ್ತದೆ. ಹನ್ನೊಂದು ದಿನ ಕಾಯಬೇಕಾಗಿಲ್ಲ.

ಮೂರು ಕಡತ: ರವಾನೆ ಪತ್ರದಲ್ಲಿ ಪಾರ್ಷಿಯಲ್ ಇತ್ತು, ಇಂಟರ್‌ಫೇಸ್ ಅಂಟಿಕೊಂಡಿತು. ಉಳಿದ ಎರಡಕ್ಕೆ ನಿನ್ನೆ ಅಡಾಪ್ಟರ್ ಬರೆದೆ, ಲೂಪ್ ಓಡುತ್ತಿದೆ. ಎಲ್ಲರಿಗೂ ಧನ್ಯವಾದ.

ಹೊದಿಕೆಗಾರ: ‘ಗೆಟ್ ಹ್ಯಾಶ್ ಕೋಡ್’ ಬರೆದಿರಾ?

ಮೂರು ಕಡತ: ಇಲ್ಲ.