ಹೋಸ್ಟ್‌ಗೆ ವಿಲ್ಯಾನ್ 20 ಸಿಗುತ್ತಿದೆ, ಅದೇ ಬ್ರಿಡ್ಜ್‌ನ ವಿಎಂಗೆ ಸಿಗುತ್ತಿಲ್ಲ. ಮೂರು ರಾತ್ರಿ ಆಯ್ತು

#1 ರಾತ್ರಿಪಾಳಿ

ಮೂರು ರಾತ್ರಿಯಿಂದ ಇದರ ಹಿಂದೆಯೇ ಬಿದ್ದಿದ್ದೇನೆ, ತಲೆ ಕೆಟ್ಟುಹೋಗಿದೆ. ಒಂದು ಲಿನಕ್ಸ್ ಸರ್ವರ್ (ಇದೇ ಹೋಸ್ಟ್), ಅದರ ಮೇಲೆ ಕೆವಿಎಂ, ಅಂದರೆ ವಿಎಂ (ವರ್ಚುವಲ್ ಮಷೀನ್) ಓಡಿಸುವ ವ್ಯವಸ್ಥೆ. ನೆಟ್‌ವರ್ಕ್ ಕಾರ್ಡ್ ಈಥ್0 ಅನ್ನು ಬಿಆರ್0 ಬ್ರಿಡ್ಜ್‌ಗೆ (ಸರ್ವರ್ ಒಳಗಿನ ಸಾಫ್ಟ್‌ವೇರ್ ಸ್ವಿಚ್) ಸೇರಿಸಿದ್ದೇನೆ. ಸ್ವಿಚ್ ಕಡೆಯ ಪೋರ್ಟ್ ಟ್ರಂಕ್. ಹೋಸ್ಟ್‌ನಿಂದ ವಿಲ್ಯಾನ್ 20ರ (ಒಂದೇ ತಂತಿಯಲ್ಲಿ ಸಂಖ್ಯೆಯ ಟ್ಯಾಗ್ ಹಾಕಿ ಬೇರ್ಪಡಿಸಿದ ನೆಟ್‌ವರ್ಕ್) ಗೇಟ್‌ವೇಗೆ ಪಿಂಗ್ ಸಲೀಸಾಗಿ ಹೋಗುತ್ತದೆ. ವಿಎಂ ಒಳಗಿಂದ ಮಾತ್ರ "ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್". ಟ್ಯಾಗ್ ಇಲ್ಲದ ನೆಟ್‌ವರ್ಕ್‌ನಲ್ಲಿ ಅದೇ ವಿಎಂ ಚೆನ್ನಾಗಿ ಓಡುತ್ತದೆ.

ಸ್ವಿಚ್ ಸರಿ ಇದೆ, ಕೇಬಲ್ ಸರಿ ಇದೆ. ದಯವಿಟ್ಟು ಅದನ್ನೇ ಮತ್ತೆ ಕೇಳಬೇಡಿ. ಏನು ತಪ್ಪಿದೆ?

#2 ತಂತಿಜಾಲ

ಕೇಳಲೇಬೇಕು. "ಟ್ರಂಕ್" ಅಂತ ಬರೆದರೆ ಸಾಲದು. ಕೆಲವು ಸ್ವಿಚ್‌ಗಳಲ್ಲಿ ಟ್ರಂಕ್ ಅಂದರೆ ಹಲವು ವಿಲ್ಯಾನ್ ಹೊರುವ ಪೋರ್ಟ್. ಇನ್ನು ಕೆಲವದರಲ್ಲಿ ಎರಡು ಮೂರು ಪೋರ್ಟ್ ಕಟ್ಟಿ ಒಂದು ಮಾಡುವುದಕ್ಕೆ ಟ್ರಂಕ್ ಅನ್ನುತ್ತಾರೆ. ನಿಮ್ಮದು ಯಾವುದು?

ಇನ್ನೊಂದು. ವಿಎಂಗೆ ಟ್ಯಾಗ್ ಹಾಕುವವರು ಯಾರು? ವಿಎಂ ಒಳಗೇ ಹಾಕುತ್ತಿದ್ದೀರೋ, ಹೋಸ್ಟ್ ಹಾಕಬೇಕೋ?

#3 ಹಳೇಕರ್ನಲ್

ಇದು ನೂರಕ್ಕೆ ನೂರು ಬಿಆರ್_ನೆಟ್‌ಫಿಲ್ಟರ್ ಕಾಟ. ಆ ಮಾಡ್ಯೂಲ್ ಲೋಡ್ ಆದರೆ ಬ್ರಿಡ್ಜ್ ಮೂಲಕ ಹಾದುಹೋಗುವ ಐಪಿ ಪ್ಯಾಕೆಟ್‌ಗಳೆಲ್ಲ ಲಿನಕ್ಸ್ ಫೈರ್‌ವಾಲ್ ಆದ ಐಪಿಟೇಬಲ್ಸ್‌ನ ಫಾರ್ವರ್ಡ್ ಸರಪಳಿಗೆ ಬೀಳುತ್ತವೆ. ಅಲ್ಲಿ ಪಾಲಿಸಿ ಡ್ರಾಪ್ ಇದ್ದರೆ ಮುಗಿಯಿತು. ಡಾಕರ್ ಹಾಕಿದವರಿಗೆಲ್ಲ ಇದೇ ಆಗುತ್ತದೆ.

ಸಿಸ್‌ಸಿಟಿಎಲ್‌ನಲ್ಲಿ ಬ್ರಿಡ್ಜ್-ಎನ್ಎಫ್-ಕಾಲ್-ಐಪಿಟೇಬಲ್ಸ್ ಅನ್ನು 0 ಮಾಡಿ ನೋಡಿ.

#4 ರಾತ್ರಿಪಾಳಿ

ತಂತಿಜಾಲ ಅವರೇ, ಪೋರ್ಟ್‌ಗೆ ವಿಲ್ಯಾನ್ 1 ಅನ್‌ಟ್ಯಾಗ್ಡ್, 20 ಟ್ಯಾಗ್ಡ್. ವಿಎಂ ಒಳಗೇ ಟ್ಯಾಗ್ ಹಾಕುವ ಇಂಟರ್‌ಫೇಸ್ ಇಎನ್‌ಎಸ್3.20 ಮಾಡಿದ್ದೇನೆ. ವಿಎಂಗೆ ಎರಡೂ ನೆಟ್‌ವರ್ಕ್ ಬೇಕು.

ಹಳೇಕರ್ನಲ್ ಸರ್, 0 ಮಾಡಿದೆ. ಏನೂ ಬದಲಾಗಲಿಲ್ಲ. ಈ ಸರ್ವರ್‌ನಲ್ಲಿ ಡಾಕರ್ ಇಲ್ಲ.

#5 ಹಳೇಕರ್ನಲ್

ಡಾಕರ್ ಇಲ್ಲದಿದ್ದರೂ ಬೇರೆ ಯಾವುದೋ ಅದನ್ನು ಲೋಡ್ ಮಾಡಿರುತ್ತದೆ. ಎಲ್ಎಸ್‌ಮಾಡ್ ನೋಡಿ. ಐಪಿ6ಟೇಬಲ್ಸ್, ಎಆರ್‌ಪಿಟೇಬಲ್ಸ್ ಅಂತ ಇನ್ನೆರಡು ಸೆಟ್ಟಿಂಗ್ ಇವೆ, ಅವನ್ನೂ 0 ಮಾಡಿ. ಎನ್ಎಫ್‌ಟೇಬಲ್ಸ್‌ನ ರೂಲ್‌ಗಳನ್ನೆಲ್ಲ ಒಮ್ಮೆ ಫ್ಲಶ್ ಮಾಡಿ ಪರೀಕ್ಷಿಸಿ. ನಾನು ಇದೇ ತೊಂದರೆಯಲ್ಲಿ ಒಂದು ವಾರ ಕಳೆದಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

#6 ರ‍್ಯಾಕ್‌ಮನೆ

ನನ್ನಲ್ಲಿ 11 ವಿಲ್ಯಾನ್ ಇವೆ, ಎರಡು 10 ಗಿಗಾಬಿಟ್ ಕಾರ್ಡ್‌ಗಳ ಬಾಂಡ್ ಮೇಲೆ, 802.3ಎಡಿ. ಬಾಂಡ್0, ಅದರ ಮೇಲೆ ಬಿಆರ್0, ಅದರ ಮೇಲೆ ಎಲ್ಲ ವಿಎಂಗಳು. ಐದು ವರ್ಷದಿಂದ ಒಂದೇ ಒಂದು ಪ್ಯಾಕೆಟ್ ತಪ್ಪಿಲ್ಲ. ಕ್ಯಾಮೆರಾಗಳಿಗೆ ಒಂದು ವಿಲ್ಯಾನ್, ಬ್ಯಾಕಪ್‌ಗೆ ಒಂದು, ಫೋನ್‌ಗಳಿಗೆ ಒಂದು. ಕೇಬಲ್‌ಗಳಿಗೆಲ್ಲ ಬಣ್ಣ ಬೇರೆ ಬೇರೆ. ಫೋಟೋ ಬೇಕಾದರೆ ಹಾಕುತ್ತೇನೆ.

ಬಿಆರ್‌ಸಿಟಿಎಲ್ ಶೋ ಏನು ತೋರಿಸುತ್ತದೆ?

#7 ಪ್ಯಾಕೆಟ್‌ಬೇಟೆ

ಬಿಆರ್‌ಸಿಟಿಎಲ್ ಬೇಡ. ಅದಕ್ಕೆ ವಿಲ್ಯಾನ್ ಅಂದರೆ ಏನೆಂದೇ ಗೊತ್ತಿಲ್ಲ. ಐಪ್ರೌಟ್2 ಜೊತೆ ಬರುವ "ಬ್ರಿಡ್ಜ್" ಕಮಾಂಡ್ ಬಳಸಿ.

ರಾತ್ರಿಪಾಳಿ ಅವರೇ, ಊಹೆ ಸಾಕು, ತಂತಿ ಮೇಲೆ ಏನು ಓಡಾಡುತ್ತಿದೆ ನೋಡೋಣ. ವಿಎಂನಿಂದ ಪಿಂಗ್ ಬಿಟ್ಟು, ಹೋಸ್ಟ್‌ನಲ್ಲಿ ಎರಡು ಕಿಟಕಿ ತೆರೆಯಿರಿ. ಒಂದರಲ್ಲಿ ಈಥ್0, ಇನ್ನೊಂದರಲ್ಲಿ ವಿನೆಟ್0 (ಬ್ರಿಡ್ಜ್‌ನಲ್ಲಿ ವಿಎಂನ ಪೋರ್ಟ್). ಎಆರ್‌ಪಿ, ಅಂದರೆ ಒಂದು ಐಪಿಯ ಮ್ಯಾಕ್ ವಿಳಾಸ ಕೇಳುವ ಪ್ರಶ್ನೋತ್ತರ, ಎಲ್ಲಿವರೆಗೆ ಹೋಗುತ್ತದೆ ನೋಡಿ.

ಟಿಸಿಪಿಡಂಪ್ -ಇ -ಎನ್ಎನ್ -ಐ ಈಥ್0 ವಿಲ್ಯಾನ್ 20 ಅಂಡ್ ಎಆರ್‌ಪಿ

-ಇ ಮರೆಯಬೇಡಿ. ಅದಿಲ್ಲದಿದ್ದರೆ ಮ್ಯಾಕ್ ವಿಳಾಸ ಕಾಣುವುದಿಲ್ಲ. "ವಿಲ್ಯಾನ್" ಪದ ಫಿಲ್ಟರ್‌ನಲ್ಲಿ ಮೊದಲೇ ಬರಬೇಕು. ಅದಾದ ಮೇಲೆ ಬರೆದ ಷರತ್ತುಗಳನ್ನು ಅದು ಟ್ಯಾಗ್‌ನ 4 ಬೈಟ್ ದಾಟಿ ಹುಡುಕುತ್ತದೆ. "ಎಆರ್‌ಪಿ ಅಂಡ್ ವಿಲ್ಯಾನ್ 20" ಅಂತ ಹಿಂದುಮುಂದು ಬರೆದರೆ ಏನೂ ಸಿಗದೇ ಹೋಗಬಹುದು, ಪ್ಯಾಕೆಟ್ಟೇ ಇಲ್ಲ ಅಂತ ತಿಳಿದುಕೊಳ್ಳುತ್ತೀರಿ.

#8 ರ‍್ಯಾಕ್‌ಮನೆ

ಬಿಆರ್‌ಸಿಟಿಎಲ್‌ನಲ್ಲಿ ತಪ್ಪೇನು? ಯಾವ ಪೋರ್ಟ್ ಯಾವ ಬ್ರಿಡ್ಜ್‌ನಲ್ಲಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

#9 ಪ್ಯಾಕೆಟ್‌ಬೇಟೆ

ಅದನ್ನು "ಬ್ರಿಡ್ಜ್ ಲಿಂಕ್" ಕೂಡ ಹೇಳುತ್ತದೆ. ಹೊಸಬರು ಬಿಆರ್‌ಸಿಟಿಎಲ್ ಕಲಿತರೆ ವಿಲ್ಯಾನ್ ಫಿಲ್ಟರಿಂಗ್ ಅನ್ನುವುದೊಂದು ಇದೆ ಅಂತಲೇ ಅವರಿಗೆ ತಿಳಿಯುವುದಿಲ್ಲ. ನನ್ನ ತಕರಾರು ಇಷ್ಟೇ.

#10 ಹೊಸಬ_24

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಟ್ಯಾಗ್‌ನಿಂದ ಫ್ರೇಮ್ 1518ರಿಂದ 1522 ಬೈಟ್ ಆಗುತ್ತದೆ ಅಲ್ವಾ? ಎಂಟಿಯು 1496 ಮಾಡಬೇಕಾ? ನನ್ನ ವೈಫೈ ಕಾರ್ಡ್ ಕೂಡ ಬ್ರಿಡ್ಜ್‌ಗೆ ಸೇರುತ್ತಿಲ್ಲ, ಅದಕ್ಕೂ ಇದೇ ಕಾರಣವಾ?

#11 ತಂತಿಜಾಲ

ಬೇಡ. ಎಂಟಿಯು ಅನ್ನುವುದು ಒಳಗಿನ ಸರಕಿನ ಲೆಕ್ಕ. ಟ್ಯಾಗ್ ಇರುವುದು ಈಥರ್ನೆಟ್ ಹೆಡರ್‌ನಲ್ಲಿ. ಈಗಿನ ಕಾರ್ಡ್‌ಗಳು ಆ 4 ಬೈಟ್ ತಾವೇ ಸಂಭಾಳಿಸುತ್ತವೆ. ಇಲ್ಲಿ ಸಣ್ಣ ಪಿಂಗೇ ಹೋಗುತ್ತಿಲ್ಲ, ಹಾಗಾಗಿ ಎಂಟಿಯು ಮಾತೇ ಇಲ್ಲ. ವೈಫೈ ಕಥೆ ಬೇರೆ. ಸಾಮಾನ್ಯ ವೈಫೈ ಫ್ರೇಮ್‌ನಲ್ಲಿ ಮೂರೇ ವಿಳಾಸಕ್ಕೆ ಜಾಗ, ಹಿಂದಿರುವ ವಿಎಂನ ಮ್ಯಾಕ್ ಇಡಲು ಜಾಗ ಇರುವುದಿಲ್ಲ. ಬೇರೆ ಚರ್ಚೆ ತೆರೆಯಿರಿ, ಅಲ್ಲಿ ಬರೆಯುತ್ತೇನೆ.

#12 ರಾತ್ರಿಪಾಳಿ

ನೋಡಿದೆ. ಈಥ್0 ಕಿಟಕಿಯಲ್ಲಿ ಸೆಕೆಂಡಿಗೆ ಒಂದರಂತೆ ಜೋಡಿ ಸಾಲು. ಮೊದಲ ಸಾಲು ವಿಎಂನ ಮ್ಯಾಕ್‌ನಿಂದ ಎಲ್ಲರಿಗೂ "ಹೂ-ಹ್ಯಾಸ್" ಅನ್ನುವ ಪ್ರಶ್ನೆ. ಅದರ ಬೆನ್ನಲ್ಲೇ ಗೇಟ್‌ವೇಯಿಂದ ವಿಎಂನ ಮ್ಯಾಕ್‌ಗೆ "ಈಸ್-ಅಟ್" ಅನ್ನುವ ಉತ್ತರ. ಎರಡರಲ್ಲೂ ಈಥರ್‌ಟೈಪ್ 802.1ಕ್ಯು, ವಿಲ್ಯಾನ್ 20.

ವಿನೆಟ್0 ಕಿಟಕಿಯಲ್ಲಿ ಪ್ರಶ್ನೆ ಮಾತ್ರ. ಉತ್ತರ ಒಂದೂ ಇಲ್ಲ.

ಅಂದರೆ ಉತ್ತರ ಮನೆ ಬಾಗಿಲವರೆಗೆ ಬಂದು ಮಾಯವಾಗುತ್ತಿದೆ! ಈಥ್0ಕ್ಕೂ ವಿನೆಟ್0ಕ್ಕೂ ನಡುವೆ ಬಿಆರ್0 ಬಿಟ್ಟು ಇನ್ನೇನೂ ಇಲ್ಲವಲ್ಲ?

#13 ಹಳೇಕರ್ನಲ್

ನಾನು ಹೇಳಿದ್ದು ಇದನ್ನೇ. ಬ್ರಿಡ್ಜ್ ಒಳಗೆ ಫಿಲ್ಟರ್ ನುಂಗುತ್ತಿದೆ. ಬಿಆರ್_ನೆಟ್‌ಫಿಲ್ಟರ್ ಮಾಡ್ಯೂಲನ್ನೇ ಕಿತ್ತುಹಾಕಿ.

#14 ಪ್ಯಾಕೆಟ್‌ಬೇಟೆ

ಹಳೇಕರ್ನಲ್ ಸರ್, ನಿಮ್ಮ ಅನುಭವದ ಬಗ್ಗೆ ಗೌರವ ಇದೆ. ಆದರೆ ಕಳೆದುಹೋಗುತ್ತಿರುವುದು ಎಆರ್‌ಪಿ ಉತ್ತರ, ಅದು ಐಪಿಟೇಬಲ್ಸ್ ಹತ್ತಿರಕ್ಕೂ ಹೋಗುವುದಿಲ್ಲ. ಜೊತೆಗೆ ಬ್ರಿಡ್ಜ್-ಎನ್ಎಫ್-ಫಿಲ್ಟರ್-ವಿಲ್ಯಾನ್-ಟ್ಯಾಗ್ಡ್ ಅಂತ ಒಂದು ಸೆಟ್ಟಿಂಗ್ ಇದೆ, ಅದು ಡೀಫಾಲ್ಟ್ ಆಗಿ 0. ಅಂದರೆ ಬ್ರಿಡ್ಜ್ ದಾಟುವ ಟ್ಯಾಗ್ ಇರುವ ಪ್ಯಾಕೆಟ್ ಆ ಟೇಬಲ್‌ಗಳಿಗೆ ಹೋಗುವುದೇ ಇಲ್ಲ. ಇಷ್ಟಾದ ಮೇಲೂ ಅದರ ಹಿಂದೆ ಹೋಗುವುದು ಸುಮ್ನೆ ಕಾಲಹರಣ.

ರಾತ್ರಿಪಾಳಿ ಅವರೇ, ಹೋಸ್ಟ್‌ನಿಂದ ವಿಲ್ಯಾನ್ 20ಕ್ಕೆ ಪಿಂಗ್ ಹೋಗುತ್ತದೆ ಅಂದಿರಿ. ಹೋಸ್ಟ್‌ನ ಆ ಐಪಿ ಯಾವ ಇಂಟರ್‌ಫೇಸ್ ಮೇಲಿದೆ? ಇದನ್ನು ಓಡಿಸಿ, ಬಂದದ್ದನ್ನು ಪೂರ್ತಿ ಹಾಕಿ.

ಐಪಿ -ಡಿ ಲಿಂಕ್ ಶೋ ಟೈಪ್ ವಿಲ್ಯಾನ್

#15 ರಾತ್ರಿಪಾಳಿ

ಒಂದೇ ಇದೆ. ಈಥ್0.20@ಈಥ್0, ವಿಲ್ಯಾನ್ ಪ್ರೋಟೋಕಾಲ್ 802.1ಕ್ಯು, ಐಡಿ 20. ಹೋಸ್ಟ್‌ಗೆ ಆ ನೆಟ್‌ವರ್ಕ್‌ನಲ್ಲಿ ಐಪಿ ಬೇಕಲ್ಲ, ಅದಕ್ಕೆ ಮೊದಲಿಂದಲೂ ಇದೆ. ಇದಕ್ಕೂ ವಿಎಂಗೂ ಏನು ಸಂಬಂಧ?

#16 ಪ್ಯಾಕೆಟ್‌ಬೇಟೆ

ಕಳ್ಳ ಸಿಕ್ಕಿದ. ಇದನ್ನು ಮೊದಲ ಪೋಸ್ಟ್‌ನಲ್ಲೇ ಬರೆದಿದ್ದರೆ ಮೂರನೇ ಉತ್ತರಕ್ಕೇ ಮುಗಿಯುತ್ತಿತ್ತು.

ಈಥ್0ಗೆ ಟ್ಯಾಗ್ ಇರುವ ಫ್ರೇಮ್ ಬಂತು ಅನ್ನಿ. ಟಿಸಿಪಿಡಂಪ್‌ಗೆ ಒಂದು ಪ್ರತಿ ಹೋಗುತ್ತದೆ, ಅದಕ್ಕೇ ನಿಮಗೆ ಉತ್ತರ ಕಾಣಿಸಿತು. ಆಮೇಲೆ ಕರ್ನಲ್ ಕೇಳುವ ಪ್ರಶ್ನೆ: "ಈಥ್0 ಮೇಲೆ ಐಡಿ 20ರ ವಿಲ್ಯಾನ್ ಇಂಟರ್‌ಫೇಸ್ ಇದೆಯಾ?" ಇದ್ದರೆ ಟ್ಯಾಗ್ ಬಿಚ್ಚಿ ಅದಕ್ಕೇ ಕೊಡುತ್ತದೆ. ಇಲ್ಲದಿದ್ದರೆ ಮಾತ್ರ ಬ್ರಿಡ್ಜ್‌ನ ಸರದಿ. ನಿಮ್ಮಲ್ಲಿ ಈಥ್0.20 ಇದೆ. ಹಾಗಾಗಿ ವಿಲ್ಯಾನ್ 20ರ ಒಂದು ಫ್ರೇಮೂ ಈಥ್0 ಕಡೆಯಿಂದ ಬಿಆರ್0 ತಲುಪುವುದಿಲ್ಲ. ವಿಎಂಗೆ ಬಂದ ಉತ್ತರ ಈಥ್0.20ಕ್ಕೆ ಹೋಗುತ್ತದೆ, ಅಲ್ಲಿ "ಈ ಮ್ಯಾಕ್ ನನ್ನದಲ್ಲ" ಅಂತ ಬಿಸಾಡಲಾಗುತ್ತದೆ. ಎಲ್ಲಿಯೂ ಎರರ್ ಬರೆಯುವುದಿಲ್ಲ. ಹೊರಗೆ ಹೋಗುವ ದಾರಿಯಲ್ಲಿ ಈ ತಡೆ ಇಲ್ಲ, ಅದಕ್ಕೇ ಪ್ರಶ್ನೆ ಮಾತ್ರ ಸರಾಗವಾಗಿ ಹೋಗುತ್ತಿತ್ತು.

ಹೋಸ್ಟ್‌ನಲ್ಲಿ ಪಿಂಗ್ ಆಗುತ್ತಿದೆ ಅನ್ನುವುದನ್ನು ನೀವು ಎಲ್ಲ ಸರಿ ಇದೆ ಅನ್ನುವುದಕ್ಕೆ ಸಾಕ್ಷಿ ಅಂದುಕೊಂಡಿರಿ. ಹೋಸ್ಟ್‌ನ ಆ ದಾರಿಯೇ ವಿಎಂನ ದಾರಿಯನ್ನು ಕಸಿದಿದೆ.

ನನ್ನ ಮಾತು ನಂಬಬೇಡಿ, ಪರೀಕ್ಷಿಸಿ. ವಿಎಂನಲ್ಲಿ ಪಿಂಗ್ ಓಡುತ್ತಿರಲಿ, "ಐಪಿ -ಎಸ್ ಲಿಂಕ್ ಶೋ ಈಥ್0.20" ಅನ್ನು ನಾಲ್ಕೈದು ಸಲ ಹೊಡೆಯಿರಿ. ಆರ್‌ಎಕ್ಸ್ ಪ್ಯಾಕೆಟ್ ಲೆಕ್ಕ ಏರುತ್ತದೆಯಾ ನೋಡಿ.

#17 ರಾತ್ರಿಪಾಳಿ

ಪಿಂಗ್ ನಿಲ್ಲಿಸಿದರೆ ಲೆಕ್ಕ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಪಿಂಗ್ ಬಿಟ್ಟ ತಕ್ಷಣ ಸೆಕೆಂಡಿಗೆ ಒಂದು ಏರುತ್ತದೆ. 4117, 4118, 4119. ಮೈ ಜುಮ್ಮೆಂದಿತು. ಮೂರು ರಾತ್ರಿ ಈ ಉತ್ತರಗಳು ಇಲ್ಲಿಗೆ ಬಂದು ಬೀಳುತ್ತಿದ್ದವು.

ಈಗ ಈಥ್0.20 ಅಳಿಸಿದರೆ ಹೋಸ್ಟ್‌ನ ಐಪಿ ಎಲ್ಲಿ ಇಡಲಿ?

#18 ಪ್ಯಾಕೆಟ್‌ಬೇಟೆ

ತಾಯಿ ಬದಲಿಸಿ ಅಷ್ಟೇ. ಈಥ್0 ಬದಲು ಬಿಆರ್0 ಮೇಲೆ ವಿಲ್ಯಾನ್ ಮಾಡಿ.

ಐಪಿ ಲಿಂಕ್ ಡೆಲ್ ಈಥ್0.20
ಐಪಿ ಲಿಂಕ್ ಆಡ್ ಲಿಂಕ್ ಬಿಆರ್0 ನೇಮ್ ಬಿಆರ್0.20 ಟೈಪ್ ವಿಲ್ಯಾನ್ ಐಡಿ 20

ಆಮೇಲೆ ಐಪಿ ಹಾಕಿ ಅಪ್ ಮಾಡಿ. ಒಮ್ಮೆ ಒಂದು ಕಾರ್ಡ್ ಬ್ರಿಡ್ಜ್‌ಗೆ ಸೇರಿತು ಅಂದರೆ ಅದರ ಮೇಲೆ ನೇರವಾಗಿ ಬೇರೇನೂ ಕೂರಿಸಬಾರದು.

ಇಷ್ಟಕ್ಕೇ ವಿಎಂ ಓಡುತ್ತದೆ. ಆದರೆ ಅಲ್ಲಿಗೇ ನಿಲ್ಲಿಸಬೇಡಿ, ಫಿಲ್ಟರಿಂಗ್ ಆನ್ ಮಾಡಿ. ಅದು 0 ಇದ್ದರೆ ಬ್ರಿಡ್ಜ್ ಟ್ಯಾಗ್ ನೋಡುವುದೇ ಇಲ್ಲ, ವಿಎಂ ತನಗೆ ಬೇಕಾದ ಯಾವ ಟ್ಯಾಗನ್ನಾದರೂ ಹಾಕಿ ಕಳಿಸಬಹುದು.

ಬ್ರಿಡ್ಜ್ ವಿಲ್ಯಾನ್ ಆಡ್ ಡೆವ್ ಈಥ್0 ವಿಐಡಿ 20
ಬ್ರಿಡ್ಜ್ ವಿಲ್ಯಾನ್ ಆಡ್ ಡೆವ್ ವಿನೆಟ್0 ವಿಐಡಿ 20
ಬ್ರಿಡ್ಜ್ ವಿಲ್ಯಾನ್ ಆಡ್ ಡೆವ್ ಬಿಆರ್0 ವಿಐಡಿ 20 ಸೆಲ್ಫ್
ಐಪಿ ಲಿಂಕ್ ಸೆಟ್ ಬಿಆರ್0 ಟೈಪ್ ಬ್ರಿಡ್ಜ್ ವಿಲ್ಯಾನ್_ಫಿಲ್ಟರಿಂಗ್ 1

ಮೂರನೇ ಸಾಲಿನ "ಸೆಲ್ಫ್" ಬಿಟ್ಟರೆ ವಿಎಂ ನಡೆಯುತ್ತದೆ, ಹೋಸ್ಟ್ ನಿಲ್ಲುತ್ತದೆ. ಹೋಸ್ಟ್ ಕೂಡ ಬ್ರಿಡ್ಜ್‌ನ ಲೆಕ್ಕದಲ್ಲಿ ಒಂದು ಪೋರ್ಟೇ, ಅದಕ್ಕೂ ಅನುಮತಿ ಬೇಕು.

#19 ತಂತಿಜಾಲ

ಎಚ್ಚರ! ನೀವು ಸರ್ವರ್‌ಗೆ ಎಸ್‌ಎಸ್‌ಎಚ್ ಮಾಡುತ್ತಿರುವುದು ವಿಲ್ಯಾನ್ 20ರ ಐಪಿ ಮೂಲಕವಾದರೆ ಮೊದಲ ಸಾಲಿಗೇ ಹೊರಗೆ ಬೀಳುತ್ತೀರಿ. ಎಲ್ಲವನ್ನೂ ಒಂದು ಸ್ಕ್ರಿಪ್ಟ್‌ನಲ್ಲಿ ಹಾಕಿ ಓಡಿಸಿ.

#20 ರಾತ್ರಿಪಾಳಿ

ತಂತಿಜಾಲ ಅವರೇ, ನಿಮ್ಮ ಪೋಸ್ಟ್ ನೋಡುವ ಹೊತ್ತಿಗೆ ಹೊರಗೆ ಬಿದ್ದಾಗಿತ್ತು. ಸರ್ವರ್‌ಗೆ ಮಾನಿಟರ್, ಕೀಬೋರ್ಡ್ ಚುಚ್ಚಿ ಉಳಿದ ಸಾಲುಗಳನ್ನು ಅಲ್ಲೇ ಕೂತು ಟೈಪ್ ಮಾಡಿದೆ.

ಆದರೆ ಆಯಿತು! ವಿಎಂನಿಂದ ಗೇಟ್‌ವೇಗೆ ಪಿಂಗ್ ಹೋಗುತ್ತಿದೆ, ಹೋಸ್ಟ್‌ನಿಂದಲೂ ಹೋಗುತ್ತಿದೆ. ಪ್ಯಾಕೆಟ್‌ಬೇಟೆ ಅವರೇ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ.

#21 ಹಳೇಕರ್ನಲ್

ಒಳ್ಳೆಯದಾಯಿತು. ಈ ಸಲ ನನ್ನ ಊಹೆ ತಪ್ಪು, ಒಪ್ಪುತ್ತೇನೆ. ಟ್ಯಾಗ್ ಇಲ್ಲದ ಟ್ರಾಫಿಕ್‌ಗೆ ಬ್ರಿಡ್ಜ್-ಎನ್ಎಫ್-ಕಾಲ್-ಐಪಿಟೇಬಲ್ಸ್ ಸೆಟ್ಟಿಂಗ್ ಈಗಲೂ ಅನ್ವಯಿಸುತ್ತದೆ, 0 ಇದೆಯಾ ಅಂತ ನೋಡಿಟ್ಟುಕೊಳ್ಳಿ.

#22 ರ‍್ಯಾಕ್‌ಮನೆ

ನಾನು ಶುರುವಿನಿಂದಲೂ ಎಲ್ಲವನ್ನೂ ಬಿಆರ್0 ಮೇಲೆ ಇಟ್ಟಿದ್ದೇನೆ, ಅದಕ್ಕೇ ನನಗೆ ಈ ತೊಂದರೆ ಬಂದಿಲ್ಲ. ವಿಎಂ ನಡೆಸುವ ಸಿದ್ಧ ವ್ಯವಸ್ಥೆಯಾದ ಪ್ರಾಕ್ಸ್‌ಮಾಕ್ಸ್ ಹಾಕಿದರೆ ಇದೆಲ್ಲ ಬೇಡ, "ವಿಲ್ಯಾನ್ ಅವೇರ್" ಅಂತ ಒಂದು ಟಿಕ್ ಇದೆ. ಕೆಳಗೆ ಓಡುವುದು ಇದೇ ಫಿಲ್ಟರಿಂಗ್.

#23 ರಾತ್ರಿಪಾಳಿ

ವಾಪಸ್ ಬಂದೆ. ವಿಎಂ ರೀಸ್ಟಾರ್ಟ್ ಮಾಡಿದೆ, ವಿಲ್ಯಾನ್ 20 ಮತ್ತೆ ಸತ್ತಿದೆ. "ಬ್ರಿಡ್ಜ್ ವಿಲ್ಯಾನ್ ಶೋ" ನೋಡಿದರೆ ಈಥ್0ನಲ್ಲಿ 1, 20 ಎರಡೂ ಇವೆ. ವಿನೆಟ್0 ಇಲ್ಲವೇ ಇಲ್ಲ, ವಿನೆಟ್1 ಅಂತ ಇದೆ. ಅದರಲ್ಲಿ ಬರೀ 1.

#24 ಪ್ಯಾಕೆಟ್‌ಬೇಟೆ

ವಿಎಂ ಆಫ್ ಆದಾಗ ಆ ಇಂಟರ್‌ಫೇಸ್ ಅಳಿಯುತ್ತದೆ, ಆನ್ ಆದಾಗ ಹೊಸದು ಹುಟ್ಟುತ್ತದೆ. ಹೊಸ ಪೋರ್ಟ್‌ಗೆ ಸಿಗುವುದು ಡೀಫಾಲ್ಟ್ ಪಿವಿಐಡಿ (ಟ್ಯಾಗ್ ಇಲ್ಲದ ಫ್ರೇಮ್‌ಗೆ ಕೊಡುವ ವಿಲ್ಯಾನ್ ಸಂಖ್ಯೆ) 1 ಮಾತ್ರ.

ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನ ಹುಕ್ ಸ್ಕ್ರಿಪ್ಟ್ (ವಿಎಂ ಶುರುವಾಗುವಾಗ ತಾನಾಗಿ ಓಡುವಂಥದ್ದು) ಬರೆಯಿರಿ. ಮೊದಲು ವಿಎಂನ ಎಕ್ಸ್‌ಎಂಎಲ್‌ನಲ್ಲಿ ಟಾರ್ಗೆಟ್ ಡೆವ್ ಅಂತ ನಿಮ್ಮದೇ ಹೆಸರು ಕೊಡಿ. ಹೆಸರು "ವಿನೆಟ್" ಅಂತ ಶುರುವಾಗಬಾರದು, ಅದನ್ನು ಲಿಬ್‌ವರ್ಟ್ ತನಗೆ ಕಾಯ್ದಿರಿಸಿಕೊಂಡಿದೆ, ನೀವು ಕೊಟ್ಟದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

#25 ರಾತ್ರಿಪಾಳಿ

ಹೆಸರು "ಟ್ಯಾಪ್20" ಕೊಟ್ಟೆ. ಹುಕ್‌ನಲ್ಲಿ ಮೊದಲು "ಪ್ರಿಪೇರ್" ಹಂತಕ್ಕೆ ಹಾಕಿದ್ದೆ, ಆಗ ಇಂಟರ್‌ಫೇಸ್ ಇನ್ನೂ ಹುಟ್ಟಿರುವುದಿಲ್ಲ, ಕಮಾಂಡ್ ಬಿದ್ದುಹೋಯಿತು. "ಸ್ಟಾರ್ಟೆಡ್" ಹಂತಕ್ಕೆ ಬದಲಿಸಿದೆ. ಮೂರು ಸಲ ಆಫ್ ಮಾಡಿ ಆನ್ ಮಾಡಿದೆ, ಮೂರು ಸಲವೂ 20 ಬಂತು.

ಹೋಸ್ಟ್ ರೀಬೂಟ್ ಇನ್ನೂ ಮಾಡಿಲ್ಲ. ಬಿಆರ್0.20, ಫಿಲ್ಟರಿಂಗ್ ಎಲ್ಲವನ್ನೂ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಫೈಲ್‌ಗಳಲ್ಲಿ ಬರೆಯಬೇಕು. ಬ್ರಿಡ್ಜ್‌ವಿಲ್ಯಾನ್ ವಿಭಾಗವನ್ನು ಈಥ್0 ಫೈಲ್‌ನಲ್ಲಿ ಹಾಕಿದ್ದೇನೆ, ಬಿಆರ್0 ಫೈಲ್‌ನಲ್ಲೂ ಬೇಕಾ?

#26 ತಂತಿಜಾಲ

ಬೇಕು. ಅದು "ಸೆಲ್ಫ್" ಸಾಲಿನ ಕೆಲಸ ಮಾಡುತ್ತದೆ. ರೀಬೂಟ್ ಮಾಡುವ ಮುಂಚೆ ಕೀಬೋರ್ಡ್ ಚುಚ್ಚಿಕೊಂಡೇ ಇರಲಿ.