ಐದು ವಾರದ ಗಿರಿರಾಜ ಮರಿ: ಬೆಳಿಗ್ಗೆಯೂ ಕ್ರಾಪ್ ಖಾಲಿಯಾಗುವುದಿಲ್ಲ

ಹಿತ್ತಿಲಕೋಳಿ, ಉಡುಪಿ

ಗಿರಿರಾಜ ತಳಿಯ ಕೋಳಿಮರಿ 22 ಉಂಟು, ಇವತ್ತಿಗೆ 36 ದಿನ. ಎರಡು ಮರಿಗಳ ಕ್ರಾಪ್, ಅಂದರೆ ಕುತ್ತಿಗೆ ಬುಡದ ಕಾಳಿನ ಚೀಲ, ಬೆಳಿಗ್ಗೆ ಆರು ಗಂಟೆಗೂ ತುಂಬಿಕೊಂಡೇ ಇರುತ್ತದೆ. ಒಂದರದ್ದು ಗಟ್ಟಿ, ಹಲಸಿನ ಬೀಜ ಮುಟ್ಟಿದ ಹಾಗೆ. ಇನ್ನೊಂದರದ್ದು ನೀರು ತುಂಬಿದ ಬಲೂನು. ಅದರ ತಲೆ ಬಗ್ಗಿದಾಗ ಕೊಕ್ಕಿನಿಂದ ನೀರು ಇಳಿಯುತ್ತದೆ, ಹಳಸಿದ ಹಿಟ್ಟಿನ ವಾಸನೆ. ಮೇವು ಸ್ಟಾರ್ಟರ್, ಅಂದರೆ ಸಣ್ಣ ಮರಿಗೆಂದೇ ಮಾಡಿದ ಮೇವಿನ ಹುಡಿ, ಜೊತೆಗೆ ಮಧ್ಯಾಹ್ನ ಉಳಿದ ಕುಚ್ಚಲಕ್ಕಿ ಅನ್ನ. ಒಂದು ವಾರದಿಂದ ಹಗಲು ತೋಟಕ್ಕೆ ಬಿಡುತ್ತಿದ್ದೇನೆ. ಮೊದಲು ಕೆಮ್ಮು ಅಂತ ಐದು ದಿನ ನೀರಿನಲ್ಲಿ ಆಂಟಿಬಯಾಟಿಕ್ ಕೊಟ್ಟದ್ದುಂಟು. ಕಾಲು ಹಿಡಿದು ತಲೆಕೆಳಗೆ ಮಾಡಿ ನೀರು ಇಳಿಸಬೇಕು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಮಾಡಬಹುದಾ?

ತೋಟದಮನೆ, ಕಾರ್ಕಳ

ತಲೆಕೆಳಗೆ ಮಾತ್ರ ಮಾಡಬೇಡಿ ಮಾರಾಯ್ರೆ. ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ. ಕ್ರಾಪಿನ ನೀರು ಒಮ್ಮೆಲೇ ಬಾಯಿಗೆ ಬಂದರೆ ಅರ್ಧ ಅಲ್ಲಿಗೇ ಇಳಿಯುತ್ತದೆ. ಹಾಗೆ ಸತ್ತ ಮರಿ ಕ್ರಾಪಿನ ರೋಗದಿಂದ ಸತ್ತದ್ದಲ್ಲ, ಶ್ವಾಸಕೋಶಕ್ಕೆ ನೀರು ಹೋಗಿ ಸತ್ತದ್ದು.

ನಿಮ್ಮಲ್ಲಿ ಇರುವುದು ಎರಡು ಬೇರೆ ಬೇರೆ ತೊಂದರೆ. ಗಟ್ಟಿ ಇರುವುದು ಕಟ್ಟಿಕೊಂಡದ್ದು: ಹುಲ್ಲು, ನಾರು, ದಾರ ಒಳಗೆ ಸುತ್ತಿ ಉಂಡೆಯಾಗಿದೆ. ನೀರು ತುಂಬಿದ್ದು ಹುಳಿತದ್ದು, ಅಲ್ಲಿ ಕ್ಯಾಂಡಿಡಾ ಅನ್ನುವ ಯೀಸ್ಟ್ ಬೆಳೆದಿರುತ್ತದೆ. ಆಂಟಿಬಯಾಟಿಕ್ ಕೊಟ್ಟ ಮೇಲೆ ಇದು ಬರುವುದು ಮಾಮೂಲು. ಯೀಸ್ಟನ್ನು ಹದ್ದುಬಸ್ತಿನಲ್ಲಿಡುವ ಒಳ್ಳೆಯ ಬ್ಯಾಕ್ಟೀರಿಯಾವೂ ಆ ಮದ್ದಿಗೆ ಸಾಯುತ್ತದೆ. ಕಟ್ಟಿಕೊಂಡದ್ದನ್ನು ಎರಡು ಮೂರು ದಿನ ಹಾಗೇ ಬಿಟ್ಟರೆ ಅದೂ ಹುಳಿಯುತ್ತದೆ.

ಮುಟ್ಟಿ ನೋಡುವ ಕ್ರಮ ಹೇಳುತ್ತೇನೆ, ಯಾಕೆಂದರೆ ಅರ್ಧ ಜನ ಸಂಜೆ ನೋಡಿ ಹೆದರುತ್ತಾರೆ. ಕ್ರಾಪ್ ಇರುವುದು ಮರಿಯ ಬಲಗಡೆಗೆ, ಕುತ್ತಿಗೆ ಎದೆಗೆ ಸೇರುವಲ್ಲಿ. ಸಂಜೆ ಗೂಡಿಗೆ ಬರುವಾಗ ಅದು ಸಣ್ಣ ಲಿಂಬೆಯಷ್ಟು ಉಬ್ಬಿರಲೇಬೇಕು, ಒತ್ತಿದರೆ ನೆನೆದ ಹಿಟ್ಟಿನಂತೆ ಮೆತ್ತಗೆ. ಬೆಳಿಗ್ಗೆ ಮೇವು ಇಡುವ ಮೊದಲು ಪುಕ್ಕದ ಕೆಳಗೆ ಬೆರಳಿಗೆ ಏನೂ ಸಿಗಬಾರದು. ರಾತ್ರಿ ಲೈಟ್ ಹಾಕಿ ಮೇವು ಇಟ್ಟಿದ್ದರೆ ಈ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ, ಮರಿ ರಾತ್ರಿಯಿಡೀ ತಿಂದಿರುತ್ತದೆ. ನಿಮ್ಮಲ್ಲಿ ಲೈಟ್ ಉಂಟಾ?

ಹಿತ್ತಿಲಕೋಳಿ, ಉಡುಪಿ

ಲೈಟ್ ಇಲ್ಲ, ರಾತ್ರಿ ಮೇವೂ ಇಲ್ಲ, ನೀರು ಮಾತ್ರ. ಗಟ್ಟಿ ಇರುವ ಮರಿ ಓಡಾಡುತ್ತದೆ, ಮೇವಿಗೆ ಬಾಯಿ ಹಾಕಿ ಬಿಡುತ್ತದೆ. ನೀರಿನದ್ದು ಮೂಲೆಯಲ್ಲಿ ತೂಕಡಿಸುತ್ತದೆ.

ಪಶುವೈದ್ಯ, ಬ್ರಹ್ಮಾವರ

ಮೊದಲು ಎರಡನ್ನೂ ಬೇರೆ ಮಾಡಿ. ರಟ್ಟಿನ ಪೆಟ್ಟಿಗೆಯಾದರೂ ಸಾಕು, ಆದರೆ ಕೆಳಗೆ ಉಮಿ, ಮರದ ಹುಡಿ ಹಾಕಬೇಡಿ, ಹಸಿವಿಗೆ ಅದನ್ನೇ ತಿನ್ನುತ್ತವೆ. ಹಳೆ ಹತ್ತಿ ಬಟ್ಟೆ ಹಾಸಿ, ದಾರ ಬಿಟ್ಟ ಬಟ್ಟೆ ಬೇಡ. ಮಳೆಗೆ ಥಂಡಿ ಇದ್ದರೆ ಒಂದು ಬದಿಗೆ ಬಲ್ಬ್ ಇಡಿ. ಮೈ ತಣ್ಣಗಾದ ಮರಿಯ ಕ್ರಾಪ್ ಹೇಗೂ ನಿಧಾನ.

ಪ್ರತಿ ಮರಿಯ ಹಿಕ್ಕೆ ನೋಡಿ. ಹಿಕ್ಕೆಯಲ್ಲಿ ಸ್ವಲ್ಪವಾದರೂ ಗಟ್ಟಿ ಭಾಗ ಇದ್ದರೆ ದಾರಿ ಪೂರ್ತಿ ಮುಚ್ಚಿಲ್ಲ. ಬರೀ ಹಸಿರು ನೀರು ಅಂದರೆ ಹೊಟ್ಟೆಗೆ ಏನೂ ಇಳಿಯುತ್ತಿಲ್ಲ, ಬರುತ್ತಿರುವುದು ಪಿತ್ತ. ಹಸಿರು ಹಿಕ್ಕೆಯ ಜೊತೆ ಉಬ್ಬಸ, ಕುತ್ತಿಗೆ ತಿರುಚುವುದು, ಒಂದಕ್ಕಿಂತ ಹೆಚ್ಚು ಮರಿ ಒಟ್ಟಿಗೆ ಮಲಗುವುದು ಕಂಡರೆ ಕ್ರಾಪ್ ಬಿಟ್ಟು ರಾಣಿಖೇತ್ ಅನ್ನುವ ವೈರಸ್ ರೋಗದ ಬಗ್ಗೆ ಯೋಚಿಸಿ, ಆ ರೋಗದಲ್ಲೂ ಕ್ರಾಪಿನಲ್ಲಿ ನೀರು ನಿಲ್ಲುತ್ತದೆ. ಒಂದು ಕಾಲು ಮುಂದೆ ಒಂದು ಹಿಂದೆ ಚಾಚಿ ಬಿದ್ದರೆ ಮಾರೆಕ್ಸ್ ಅನ್ನುವ ವೈರಸ್ ರೋಗದ ಸಂಶಯ. ಅದರಲ್ಲಿ ಕ್ರಾಪಿಗೆ ಹೋಗುವ ನರವೇ ಕೆಡುತ್ತದೆ, ಎಷ್ಟು ಎಣ್ಣೆ ಹಾಕಿ ತಿಕ್ಕಿದರೂ ಉಪಯೋಗ ಇಲ್ಲ.

ಗಟ್ಟಿ ಇರುವ ಮರಿಗೆ ಹೀಗೆ ಮಾಡಿ. ಮೇವು 12 ಗಂಟೆ ನಿಲ್ಲಿಸಿ, ನೀರು ನಿಲ್ಲಿಸಬೇಡಿ. ಎರಡು ವಾರಕ್ಕಿಂತ ಸಣ್ಣ ಮರಿಯಾದರೆ ಇಷ್ಟು ಉಪವಾಸ ತಡೆಯುವುದಿಲ್ಲ, ನಾಲ್ಕೈದು ಗಂಟೆಯೇ ಹೆಚ್ಚು. ತೆಂಗಿನೆಣ್ಣೆ ಅರ್ಧ ಎಂಎಲ್, ಹಿಂದೆಯೇ ಉಗುರುಬೆಚ್ಚಗಿನ ನೀರು 2 ಎಂಎಲ್. ಮರಿಯನ್ನು ನೆಟ್ಟಗೆ ಹಿಡಿದು ಕೊಕ್ಕಿನ ಬದಿಗೆ ಹನಿ ಬಿಡಿ, ಅದು ನುಂಗಲಿ, ಆಮೇಲೆ ಮುಂದಿನ ಹನಿ. ಕೊಕ್ಕು ತೆರೆದು ಗಂಟಲಿಗೆ ಚಿಮ್ಮಿಸುವುದು ತಲೆಕೆಳಗೆ ಮಾಡಿದಷ್ಟೇ ಅಪಾಯ. ಹತ್ತು ನಿಮಿಷ ಬಿಟ್ಟು ತಿಕ್ಕಿ. ಹೆಬ್ಬೆರಳು ಮತ್ತು ಎರಡು ಬೆರಳಿನ ನಡುವೆ ಉಂಡೆ ಹಿಡಿದು ಬದಿಯಿಂದ ಬದಿಗೆ ಹೊರಳಿಸುವುದು. ಚಪಾತಿ ಹಿಟ್ಟು ನಾದಿದ ಹಾಗಲ್ಲ, ಬಾಳೆಹಣ್ಣು ಹಣ್ಣಾಗಿದೆಯಾ ಅಂತ ಸಿಪ್ಪೆಯ ಮೇಲಿಂದ ನೋಡುವಷ್ಟೇ ಬಲ. ಐದು ನಿಮಿಷ, ದಿನಕ್ಕೆ ನಾಲ್ಕು ಸಲ. ಬಾಯಿಯ ಕಡೆಗೆ ದೂಡಬೇಡಿ. ಎಣ್ಣೆ ಒಟ್ಟು ಎರಡು ಸಲ ಸಾಕು, ಉಳಿದ ಸಲ ಬರೀ ನೀರು.

24 ಗಂಟೆಯಲ್ಲಿ ಉಂಡೆ ಸ್ವಲ್ಪವೂ ಮೆತ್ತಗಾಗದಿದ್ದರೆ ಪಶು ಆಸ್ಪತ್ರೆಗೆ ತನ್ನಿ. ಕೊಯ್ದು ತೆಗೆಯುವುದು ದೊಡ್ಡ ಶಸ್ತ್ರಚಿಕಿತ್ಸೆ ಅಲ್ಲ, ಆದರೆ ಚರ್ಮ ಮತ್ತು ಕ್ರಾಪಿನ ಗೋಡೆ ಬೇರೆ ಬೇರೆ ಹೊಲಿಯಬೇಕು. ವಿಡಿಯೋ ನೋಡಿ ಬ್ಲೇಡ್ ಹಿಡಿದವರು ಎರಡನ್ನೂ ಸೇರಿಸಿ ಹೊಲಿಯುತ್ತಾರೆ, ಆಮೇಲೆ ತಿಂದದ್ದೆಲ್ಲ ಎದೆಯಿಂದ ಸೋರುತ್ತದೆ.

ನೀರಿನ ಮರಿಗೆ ಎಣ್ಣೆ ಬೇಡ. ಎರಡರ ತೂಕ ತಿಳಿಸಿ, ಅಡುಗೆಮನೆಯ ತಕ್ಕಡಿ ಸಾಕು.

ಗೂಡುಗೊಬ್ಬರ, ಬಜಪೆ

ಮದ್ದು ಡಾಕ್ಟ್ರು ಹೇಳಿದ್ದಾರೆ. ಇದು ಎಂತಕ್ಕೆ ಬಂತು ಅನ್ನುವುದು ಗೊತ್ತಾಗದಿದ್ದರೆ ಉಳಿದ 20 ಮರಿಗೂ ಬರುತ್ತದೆ.

ಸ್ಟಾರ್ಟರ್ ಮಾತ್ರ ತಿನ್ನುವ ಮರಿಗೆ ಹರಳು, ಅಂದರೆ ಸಣ್ಣ ಕಲ್ಲಿನ ಚೂರು, ಬೇಡ; ಸ್ಟಾರ್ಟರ್ ನೆನೆದರೆ ಕರಗುತ್ತದೆ. ತೋಟಕ್ಕೆ ಬಿಟ್ಟ ದಿನದಿಂದ ಹರಳು ಬೇಕು. ಹುಲ್ಲು, ಹುಳ, ಕಾಳು ಅರೆಯುವುದು ಕ್ರಾಪ್ ಅಲ್ಲ, ಅದರ ಮುಂದಿನ ಗಿಜರ್ಡ್ ಅನ್ನುವ ಗಟ್ಟಿ ಸ್ನಾಯುವಿನ ಹೊಟ್ಟೆ. ಅಲ್ಲಿ ಹರಳಿಲ್ಲದಿದ್ದರೆ ಅರೆಯುವುದು ನಿಧಾನ, ಹಿಂದೆ ಕ್ರಾಪಿನಲ್ಲಿ ಸಾಲು ನಿಲ್ಲುತ್ತದೆ. ಹೊಳೆಯ ದೊಡ್ಡ ಮರಳು ಜರಡಿ ಹಿಡಿದು, ಸಾಸಿವೆ ಗಾತ್ರದ್ದನ್ನು ತೊಳೆದು ಒಣಗಿಸಿ ಬೇರೆ ತಟ್ಟೆಯಲ್ಲಿ ಇಡಿ. ಮೇವಿಗೆ ಬೆರೆಸಬೇಡಿ, ಬೇಕಾದಷ್ಟು ತಾವೇ ಹೆಕ್ಕುತ್ತವೆ. ಕಡಲ ಮರಳು ಬೇಡ, ಉಪ್ಪು. ಮರುವಾಯಿ ಚಿಪ್ಪು ಕುಟ್ಟಿ ಹಾಕುವ ಕ್ರಮ ನಮ್ಮ ಕಡೆ ಉಂಟಲ್ಲ, ಅದು ಮೊಟ್ಟೆ ಇಡುವ ಹೇಂಟೆಗೆ ಸರಿ. ಮರಿಗೆ ಅದು ಹರಳೂ ಅಲ್ಲ, ಹೊಟ್ಟೆಯ ಆಮ್ಲಕ್ಕೆ ಕರಗಿ ಹೋಗುತ್ತದೆ, ಹೆಚ್ಚಾದ ಸುಣ್ಣಾಂಶ ಮರಿಯ ಮೂತ್ರಪಿಂಡ ಕೆಡಿಸುತ್ತದೆ.

ತೆಂಗಿನ ಸಿಪ್ಪೆ ಸುಲಿಯುವ ಜಾಗ, ಗೋಣಿಚೀಲ ಬಿಚ್ಚುವ ಜಾಗ ಒಮ್ಮೆ ಗುಡಿಸಿ ನೋಡಿ. ಎರಡು ಬೆರಳು ಉದ್ದದ ನಾರು ಮರಿಗೆ ಎರೆಹುಳದ ಹಾಗೆ ಕಾಣುತ್ತದೆ. ಹುಲ್ಲು ಕೊಯ್ದು ರಾಶಿ ಹಾಕಿದ್ದರೂ ಹಾಗೆಯೇ. ನೆಲದಲ್ಲಿ ಬೇರೂರಿದ ಹುಲ್ಲನ್ನು ತುದಿ ಕಿತ್ತು ತಿನ್ನುತ್ತವೆ, ಕೊಯ್ದು ಹಾಕಿದ್ದನ್ನು ಇಡೀ ನುಂಗುತ್ತವೆ.

ಮತ್ತೆ ಆ ಕುಚ್ಚಲಕ್ಕಿ ಅನ್ನ. ಮಧ್ಯಾಹ್ನದ್ದನ್ನು ಮಧ್ಯಾಹ್ನವೇ ಕೊಟ್ಟರೆ ತೊಂದರೆ ಇಲ್ಲ. ಸಂಜೆವರೆಗೆ ತಟ್ಟೆಯಲ್ಲಿ ಬಿಟ್ಟದ್ದು ನಮ್ಮ ಮಳೆಗಾಲದ ಹವೆಗೆ ಹುಳಿ ಬಂದಿರುತ್ತದೆ. ದೋಸೆ ಹಿಟ್ಟಿನ ಪಾತ್ರೆ ತೊಳೆದ ನೀರು, ಹಳೆ ಗಂಜಿ, ಇದೆಲ್ಲ ಮರಿಗೆ ಬೇಡವೇ ಬೇಡ.

ಹಿತ್ತಿಲಕೋಳಿ, ಉಡುಪಿ

ತೂಕ: ಗಟ್ಟಿಯದ್ದು 380 ಗ್ರಾಂ, ನೀರಿನದ್ದು 300 ಗ್ರಾಂ. ನಿನ್ನೆ ಸಂಜೆ ಮತ್ತು ರಾತ್ರಿ ಎಣ್ಣೆ ಕೊಟ್ಟೆ. ಇವತ್ತು ಬೆಳಿಗ್ಗೆ ಉಂಡೆ ಅರ್ಧಕ್ಕೆ ಇಳಿದಿದೆ, ಹಿಕ್ಕೆಯಲ್ಲಿ ಕಂದು ನಾರಿನ ತುಂಡು ಉಂಟು. ತೆಂಗಿನ ಸಿಪ್ಪೆಯದ್ದೇ. ಈಗ ಮೇವು ಕೊಡಬಹುದಾ? ನೀರಿನದ್ದು ಹಾಗೇ ಉಂಟು, ಹಿಕ್ಕೆ ಬಿಳಿ-ಹಸಿರು, ಕಾಲು ಕುತ್ತಿಗೆ ಸರಿ. ಮನೆಯಲ್ಲಿ ಮೈಲುತುತ್ತು (ತಾಮ್ರದ ಸಲ್ಫೇಟ್) ಉಂಟು, ಅಡಿಕೆಗೆ ತಂದದ್ದು. ನೀರಿಗೆ ಹಾಕಿ ಕೊಟ್ಟರೆ ಆಗ್ತದೆ ಅಂತ ಹೇಳುತ್ತಾರೆ.

ಪಶುವೈದ್ಯ, ಬ್ರಹ್ಮಾವರ

ಗಟ್ಟಿ ಮರಿಗೆ ಮೇವು ಕೊಡಿ. ಸ್ಟಾರ್ಟರ್ ಒಂದು ಚಮಚಕ್ಕೆ ಬಿಸಿನೀರು ಎರಡು ಚಮಚ, ಗಂಜಿಯಂತಾದ ಮೇಲೆ ಆರಿಸಿ. ಒಂದು ಸಲಕ್ಕೆ ಒಂದು ಚಮಚ, ಕ್ರಾಪ್ ಅರ್ಧ ಇಳಿದ ಮೇಲೆ ಇನ್ನೊಂದು. ಎರಡು ಗಂಟೆ ಮೀರಿದ ಗಂಜಿ ಚೆಲ್ಲಿ. ಮೂರು ದಿನ ಹೀಗೆ, ತೋಟ ಬೇಡ.

ಮೈಲುತುತ್ತು ಹಳೆಯ ಕ್ರಮ. ಪುಸ್ತಕದ ಪ್ರಮಾಣ 2000 ಭಾಗ ನೀರಿಗೆ ಒಂದು ಭಾಗ, ಅಂದರೆ ಲೀಟರಿಗೆ ಅರ್ಧ ಗ್ರಾಂ. ಅದರಿಂದ ಗುಣ ಆಗುತ್ತದೆಯೇ ಅನ್ನುವುದರಲ್ಲೇ ಒಮ್ಮತ ಇಲ್ಲ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಕಿಲೋಗಟ್ಟಲೆ ತೂಗುವ ತಕ್ಕಡಿಯಲ್ಲಿ ಅರ್ಧ ಗ್ರಾಂ ಹೇಗೆ ತೂಗುತ್ತೀರಿ? ಕಣ್ಣಳತೆಯಲ್ಲಿ ಹಾಕಿದರೆ ಕ್ರಾಪಿನ ಒಳಪದರ ಸುಡುತ್ತದೆ. ಬಿಡಿ ಅದನ್ನು.

ಈ ಮರಿಗೆ ಬೇಕಾದ್ದು ನಿಸ್ಟಾಟಿನ್. ಕಿಲೋ ತೂಕಕ್ಕೆ 1 ಲಕ್ಷ ಯೂನಿಟ್, ದಿನಕ್ಕೆ ಎರಡು ಸಲ, 7 ದಿನ. ಬಾಯಿಗೆ ಹಾಕುವ ದ್ರಾವಣ ಎಂಎಲ್‌ಗೆ 1 ಲಕ್ಷ ಯೂನಿಟ್ ಇರುತ್ತದೆ, ಹಾಗಾಗಿ 300 ಗ್ರಾಂ ಮರಿಗೆ 0.3 ಎಂಎಲ್. ಈ ಮದ್ದು ಕರುಳಿನಿಂದ ರಕ್ತಕ್ಕೆ ಸೇರುವುದಿಲ್ಲ, ಮುಟ್ಟಿದ ಕಡೆ ಮಾತ್ರ ಯೀಸ್ಟ್ ಕೊಲ್ಲುತ್ತದೆ. ನೀರು ತುಂಬಿದ ಕ್ರಾಪಿಗೆ ಹಾಕಿದರೆ ತೆಳ್ಳಗಾಗಿ ವ್ಯರ್ಥ. ಅದಕ್ಕೇ ಮೊದಲು ಆಸ್ಪತ್ರೆಗೆ ತನ್ನಿ, ಟ್ಯೂಬ್ ಇಳಿಸಿ ಖಾಲಿ ಮಾಡಿ, ಮದ್ದಿನ ಚೀಟಿ ಕೊಡುತ್ತಾರೆ. ಮೇವಿಗೆ ಅರ್ಧ ಗಂಟೆ ಮೊದಲು ಮದ್ದು. ಬೆಲ್ಲ, ಸಕ್ಕರೆ, ಅನ್ನ, ಬ್ರೆಡ್ ಬೇಡ, ಅದು ಯೀಸ್ಟಿಗೆ ಊಟ. ಮೊಸರೂ ಈಗ ಬೇಡ. ಬೇಯಿಸಿದ ಮೊಟ್ಟೆ ಹುಡಿ ಮಾಡಿ ಕೊಡಬಹುದು. ನೀರಿನ ಪಾತ್ರೆ ಎಲ್ಲ ಮರಿಗಳದ್ದೂ ದಿನಾ ಉಜ್ಜಿ ತೊಳೆಯಿರಿ. ಬೆರಳಿಗೆ ಲೋಳೆ ಹತ್ತಿದರೆ ತೊಳೆದದ್ದು ಸಾಲದು.

ತೋಟದಮನೆ, ಕಾರ್ಕಳ

ಮುಂದಿನ ಬ್ಯಾಚ್ ತರುವಾಗ ಇದೊಂದು ನೆನಪಿಡಿ. ಪೆಟ್ಟಿಗೆಯಿಂದ ಬಿಟ್ಟ 24 ಗಂಟೆಗೆ ಮರಿಗಳ ಕ್ರಾಪ್ ಮುಟ್ಟಿ ನೋಡಿ. ನೂರರಲ್ಲಿ 95ರದ್ದು ಮೆತ್ತಗೆ ತುಂಬಿರಬೇಕು. ಗಟ್ಟಿ ಇದ್ದರೆ ಮೇವು ಸಿಕ್ಕಿದೆ, ನೀರು ಸಿಕ್ಕಿಲ್ಲ. ಬರೀ ನೀರಿದ್ದರೆ ಮೇವು ಕಂಡಿಲ್ಲ. ಎರಡೂ ಇಲ್ಲದಿದ್ದರೆ ಹೆಚ್ಚಾಗಿ ಚಳಿ: ಮೊದಲ ವಾರ 32ರಿಂದ 35 ಡಿಗ್ರಿ ಬೇಕು.

ಹಿತ್ತಿಲಕೋಳಿ, ಉಡುಪಿ

ಆಸ್ಪತ್ರೆಯಲ್ಲಿ ಖಾಲಿ ಮಾಡಿ ಚೀಟಿ ಕೊಟ್ಟರು. ಔಷಧಿ ಅಂಗಡಿಯಲ್ಲಿ ನಿಸ್ಟಾಟಿನ್ ಇಲ್ಲ ಅಂತ ಕ್ಲೋಟ್ರಿಮಜೋಲ್ ಮೌತ್ ಪೇಂಟ್ ಕೊಟ್ಟಿದ್ದಾರೆ, ಎರಡೂ ಒಂದೇ ಅಂತೆ. 0.3 ಎಂಎಲ್ ಹಾಕಲಾ?

ಪಶುವೈದ್ಯ, ಬ್ರಹ್ಮಾವರ

ಬೇಡ. ಅದು ಬಾಯಿಯೊಳಗೆ ಹಚ್ಚುವ ಮದ್ದು, ನಾನು ಹೇಳಿದ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ವಾಪಸ್ ಕೊಟ್ಟು ಬೇರೆ ಅಂಗಡಿಯಲ್ಲಿ ಕೇಳಿ, ಬಾಟಲಿಯ ಮೇಲೆ ಎಂಎಲ್‌ಗೆ ಎಷ್ಟು ಯೂನಿಟ್ ಅಂತ ಓದಿಯೇ ತೆಗೆದುಕೊಳ್ಳಿ. ಅಳೆಯಲಿಕ್ಕೆ 1 ಎಂಎಲ್ ಸಿರಿಂಜ್, ಸೂಜಿ ತೆಗೆದು. ಇನ್ಸುಲಿನ್ ಸಿರಿಂಜ್ ತರಬೇಡಿ, ಅದರ ಗೆರೆ ಇನ್ಸುಲಿನ್ ಯೂನಿಟ್‌ನದ್ದು. 30ನೇ ಗೆರೆ ಅಂದರೆ 0.3 ಎಂಎಲ್ ಅಂತ ತಪ್ಪು ತಿಳಿಯುವವರು ಬಹಳ ಜನ, 40 ಯೂನಿಟ್ ಸಿರಿಂಜಿನಲ್ಲಿ ಅದು ಮುಕ್ಕಾಲು ಎಂಎಲ್.